ಇಳಿಜಾರು ತೋಟದಲ್ಲಿ ಏಣಿ ನಿಲ್ಲಿಸುವ ಸರಿಯಾದ ಕ್ರಮ

ಪುತ್ತೂರು, ಸುಳ್ಯ ಹಾಗೂ ಕಡಬ ತಾಲೂಕುಗಳ ಅಡಿಕೆ ತೋಟಗಳಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಕಾಳುಮೆಣಸಿನ ಕೊಯ್ಲಿನ ಕಾಲ. ತೆನೆಯಲ್ಲಿ ಒಂದೆರಡು ಕಾಳು ಕೆಂಪಾದೊಡನೆ ಕೊಯ್ಲು ಆರಂಭಿಸಬೇಕು. ತಡವಾದರೆ ಕಾಳು ಉದುರುತ್ತದೆ, ಹಕ್ಕಿಗಳ ಪಾಲಾಗುತ್ತದೆ. ಆದ್ದರಿಂದ ಈ ಮೂರು ತಿಂಗಳು ಏಣಿಗೆ ಬಿಡುವೇ ಇಲ್ಲ. ಇದೇ ಕಾಲದಲ್ಲಿ ಏಣಿಯಿಂದ ಬಿದ್ದು ಸೊಂಟ, ಬೆನ್ನುಮೂಳೆ ಮುರಿದುಕೊಳ್ಳುವವರೂ ಇದ್ದಾರೆ. ಮನೆಯ ದುಡಿಯುವ ಆಳು ಒಬ್ಬ ಹಾಸಿಗೆ ಹಿಡಿದರೆ ಒಂದು ವರ್ಷದ ಮೆಣಸಿನ ಹಣವೆಲ್ಲ ಚಿಕಿತ್ಸೆಗೇ ಸಾಲದೆ ಹೋಗಬಹುದು.

ಮರ ಏರುವ ನುರಿತ ಕೆಲಸಗಾರರು ಈಗ ಕಡಿಮೆಯಾಗಿದ್ದಾರೆ. ಹಲವು ಮನೆಗಳಲ್ಲಿ ಐವತ್ತು ದಾಟಿದ ಯಜಮಾನರೇ ಏಣಿ ಹತ್ತುತ್ತಿದ್ದಾರೆ. ಏಣಿ ಮುರಿದು ಬೀಳುವುದಕ್ಕಿಂತ ಏಣಿ ವಾಲಿ ಅಥವಾ ಜಾರಿ ಬೀಳುವುದರ ಬಗ್ಗೆ ಹೆಚ್ಚು ಎಚ್ಚರ ಬೇಕು. ಇದನ್ನು ತಪ್ಪಿಸಲು ಹೆಚ್ಚಿನ ಖರ್ಚಿಲ್ಲ. ಪ್ರತಿ ಮರದ ಬುಡದಲ್ಲಿ ಎರಡು ನಿಮಿಷ ವ್ಯಯ ಮಾಡಿದರೆ ಸಾಕು.

ಒಂದು ಅಂಗುಲಕ್ಕೆ ಒಂದು ಅಡಿ

ಸಾಮಾನ್ಯವಾಗಿ ರೈತರು ಏಣಿ ಹಿಂದಕ್ಕೆ ಜಾರೀತೆಂದು ಹೆದರುತ್ತಾರೆ. ಆದರೆ ನಮ್ಮ ಏರುಪೇರು ನೆಲದಲ್ಲಿ ಏಣಿ ಪಕ್ಕಕ್ಕೆ ವಾಲುವ ಅಪಾಯವೂ ಅಷ್ಟೇ ದೊಡ್ಡದು. ಇದಕ್ಕೆ ಸರಳವಾದ ಲೆಕ್ಕವಿದೆ.

ಏಣಿಯ ಎರಡು ಕಾಲುಗಳ ನಡುವಿನ ಅಂತರ 15 ಅಂಗುಲ, ಏಣಿಯ ಉದ್ದ 15 ಅಡಿ ಎಂದಿಟ್ಟುಕೊಳ್ಳೋಣ. ಒಂದು ಕಾಲು ಇನ್ನೊಂದಕ್ಕಿಂತ ಕೇವಲ 1 ಅಂಗುಲ ತಗ್ಗಿನಲ್ಲಿದ್ದರೆ ಏಣಿಯ ತುದಿ 12 ಅಂಗುಲ, ಅಂದರೆ ಒಂದು ಅಡಿ ಪಕ್ಕಕ್ಕೆ ಸರಿಯುತ್ತದೆ. 2 ಅಂಗುಲ ತಗ್ಗಾದರೆ ತುದಿ ಎರಡು ಅಡಿ ವಾಲುತ್ತದೆ. ಏಣಿಯ ಮಧ್ಯದಿಂದ ಒಂದು ಕಾಲಿಗೆ ಇರುವ ಅಂತರ ಏಳೂವರೆ ಅಂಗುಲ ಮಾತ್ರ. ಆದ್ದರಿಂದ 1 ಅಂಗುಲ ತಗ್ಗಿದ್ದಾಗಲೇ ತುದಿಯಲ್ಲಿ ನಿಂತವನ ಭಾರ ಕಾಲುಗಳಿಂದ ಹೊರಗೆ ಬಿದ್ದಿರುತ್ತದೆ. ಆಗ ಆತನನ್ನು ಹಿಡಿದಿಟ್ಟಿರುವುದು ಮೇಲಿನ ಆಧಾರ ಒಂದೇ. ಗೋಡೆಯಾದರೆ ಏಣಿಯ ಎರಡು ತುದಿಗಳೂ ಒರಗುತ್ತವೆ. ಅಡಿಕೆ ಮರ ಉರುಟು; ಏಣಿಯ ಮೇಲಿನ ಮೆಟ್ಟಿಲು ಅದಕ್ಕೆ ಒಂದೇ ಕಡೆ ತಾಗುತ್ತದೆ. ಬದಿಯ ತೆನೆಗೆ ಕೈ ಚಾಚಿದೊಡನೆ ಏಣಿ ಮರದ ಸುತ್ತ ತಿರುಗಿ ಬೀಳಲು ಇಷ್ಟೇ ಸಾಕು.

ಜಾಗದ ಆಯ್ಕೆ

ಅಡಿಕೆಗೆ ಶಿಫಾರಸಾದ ಅಂತರ 2.7 ಮೀಟರ್, ಅಂದರೆ ಸುಮಾರು 9 ಅಡಿ. ಎರಡು ಸಾಲಿನ ನಡುವಿನ ಮಧ್ಯಭಾಗ ಮರದಿಂದ ನಾಲ್ಕೂವರೆ ಅಡಿ ದೂರದಲ್ಲಿರುತ್ತದೆ. ಬೈಲಿನ ತೋಟಗಳಲ್ಲಿ ನೀರು ಬಸಿಯುವ ಕಣಿ ಇರುವುದೂ ಅಲ್ಲಿಯೇ. 16 ಅಡಿ ಎತ್ತರಕ್ಕೆ ಇಟ್ಟ ಏಣಿಯ ಬುಡ ಮರದಿಂದ 4 ಅಡಿ ದೂರ ಇರಬೇಕಾಗುತ್ತದೆ. ಕಣಿಯ ಕಡೆಗೆ ಏಣಿ ಇಟ್ಟರೆ ಅದರ ಕಾಲು ಕಣಿಯ ಅಂಚಿನ ಮೇಲೆಯೇ ಕೂರುತ್ತದೆ. ಆ ಅಂಚು ಕುಸಿಯುವ ಮಣ್ಣು. ಆದ್ದರಿಂದ ಬೈಲಿನಲ್ಲಿ ಏಣಿಯನ್ನು ಕಣಿಗೆ ಅಡ್ಡವಾಗಿ ಇಡದೆ, ಅದೇ ಸಾಲಿನ ಪಕ್ಕದ ಮರದ ಕಡೆಗೆ ಬುಡ ಬರುವಂತೆ ಇಡಬೇಕು.

ಗುಡ್ಡೆಯ ಬದಿಯ ಇಳಿಜಾರು ತೋಟಗಳಲ್ಲಿ ಕ್ರಮ ಬೇರೆ. ಅಲ್ಲಿ ಮೂರು ಸಾಧ್ಯತೆಗಳಿವೆ:

1. ಏಣಿಯ ಬುಡ ಮರದ ಕೆಳಬದಿಯಲ್ಲಿದ್ದರೆ ಇಳಿಜಾರೇ ಕಾಲನ್ನು ಹೊರಗೆ ಜಾರಿಸುತ್ತದೆ. ಬೀಳುವ ಎತ್ತರವೂ ಹೆಚ್ಚು. ಇದು ಅತ್ಯಂತ ಅಪಾಯಕರ.

2. ಮರದ ಪಕ್ಕದಲ್ಲಿದ್ದರೆ ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ. ಮಟ್ಟ ಮಾಡದೆ ಹತ್ತಲೇಬಾರದು.

3. ಮರದ ಮೇಲ್ಬದಿಯಲ್ಲಿದ್ದರೆ ಎರಡು ಕಾಲುಗಳೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತವೆ. ಕಾಲು ಹಿಂದೆ ಸರಿಯಬೇಕಾದರೆ ಇಳಿಜಾರನ್ನು ಏರಬೇಕು. ಆದ್ದರಿಂದ ಜಾರುವುದು ಕಡಿಮೆ. ಸಾಧ್ಯವಿದ್ದಲ್ಲೆಲ್ಲ ಈ ಕಡೆಯನ್ನೇ ಆರಿಸಬೇಕು.

ಮೇಲ್ಬದಿಯಿಂದ ಕೈಗೆ ಎಟಕುವ ತೆನೆಗಳನ್ನೆಲ್ಲ ಮೊದಲು ಕೊಯ್ದು, ಉಳಿದವಕ್ಕೆ ಮಾತ್ರ ಏಣಿ ಸರಿಸತಕ್ಕದ್ದು. ದರೆಯ ಅಂಚಿನಲ್ಲಿ ನಿಂತ ಮರಗಳಿಗೆ ಕೆಳಗಿನ ಮೆಟ್ಟಿಲು ಪಾತಿಯಿಂದ ಏಣಿ ಇಡುವ ಅಭ್ಯಾಸವನ್ನು ಕೈಬಿಡಬೇಕು.

ಕಾಲು ಮಟ್ಟ ಮಾಡುವುದು

ತಗ್ಗಿನ ಕಾಲಿನ ಅಡಿಗೆ ಕಲ್ಲು, ತೆಂಗಿನ ಸಿಪ್ಪೆ ಅಥವಾ ಕಟ್ಟಿಗೆಯ ತುಂಡು ಕೊಟ್ಟು ಎತ್ತರಿಸುವುದು ಎಲ್ಲರ ರೂಢಿ. ಇದು ತಪ್ಪು. ಹತ್ತುವಾಗ ಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಾಗುತ್ತಲೇ ಇರುತ್ತದೆ. ನಾಲ್ಕಾರು ಮೆಟ್ಟಿಲು ಏರಿದ ಮೇಲೆ ಕಲ್ಲು ಹೊರಳಿದರೆ ಉಳಿಯುವ ದಾರಿಯಿಲ್ಲ.

ಸರಿಯಾದ ಕ್ರಮವೆಂದರೆ ತಗ್ಗಿನ ಕಾಲನ್ನು ಏರಿಸದೆ, ಎತ್ತರದ ಕಾಲನ್ನು ಇಳಿಸುವುದು. ಎತ್ತರದ ಕಾಲು ಕೂರುವಲ್ಲಿ ಪಿಕ್ಕಾಸಿನಿಂದ ಅಂಗೈ ಅಗಲದ ಗುಳಿ ತೋಡಿ ಅದರಲ್ಲಿ ಕಾಲನ್ನು ಕೂರಿಸಬೇಕು. ಗುಳಿಯ ಅಂಚು ಕಾಲು ಜಾರದಂತೆಯೂ ತಡೆಯುತ್ತದೆ. ತಗ್ಗಿನ ಕಾಲಿಗೂ ಒಂದು ಅಂಗುಲ ಆಳದ ಗುಳಿ ಮಾಡಿದರೆ ಇನ್ನೂ ಒಳ್ಳೆಯದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಅಡಿಕೆಯ ಬೇರುಗಳು ಮೇಲ್ಪದರದಲ್ಲಿಯೇ ಹರಡಿರುತ್ತವೆ. ಮೆಣಸಿನ ಬಳ್ಳಿಯ ಬುಡ ಮತ್ತು ಬೇರಿಗೆ ಗಾಯವಾದರೆ ಸೊರಗು ರೋಗಕ್ಕೆ ದಾರಿಯಾಗುತ್ತದೆ. ಆದುದರಿಂದ ಮೂರು ಅಂಗುಲಕ್ಕಿಂತ ಆಳ ತೋಡಬಾರದು. ಬೇರು ಕಂಡರೆ ಜಾಗ ಬದಲಿಸಬೇಕು. ಕೆಲಸ ಮುಗಿದೊಡನೆ ಗುಳಿ ಮುಚ್ಚಿ ಸೊಪ್ಪು ಹರಡಬೇಕು.

ನೀರುಣಿಸಿದ ತೋಟದ ಮಣ್ಣು ಮೆತ್ತಗಿರುತ್ತದೆ. ಹತ್ತುವ ಮೊದಲು ಮಟ್ಟವಾಗಿದ್ದ ಏಣಿ ಹತ್ತಿದ ಮೇಲೆ ಒಂದು ಬದಿಗೆ ಇಳಿಯಬಹುದು. ಹಾಗಾಗಿ ಕೊಯ್ಯಬೇಕಾದ ಭಾಗಕ್ಕೆ ಹಿಂದಿನ ದಿನ ತುಂತುರು ನೀರಾವರಿ ಬೇಡ. ಮಣ್ಣು ಮೆತ್ತಗಿದ್ದರೆ ಎರಡು ಅಡಿ ಉದ್ದ, 9 ಅಂಗುಲ ಅಗಲದ ಗಟ್ಟಿ ಹಲಗೆಯನ್ನು ನೆಲದಲ್ಲಿ ಮಟ್ಟವಾಗಿ ಕೂರಿಸಿ ಅದರ ಮೇಲೆ ಎರಡು ಕಾಲುಗಳನ್ನೂ ಇಡಬೇಕು. ಹಲಗೆಯ ಹಿಂದಿನ ಅಂಚಿಗೆ ಒಂದು ರೀಪಿನ ತುಂಡನ್ನು ಮೊಳೆ ಹೊಡೆದು ಕೂಡಿಸಿದರೆ ಕಾಲು ಹಿಂದಕ್ಕೆ ಸರಿಯುವುದಿಲ್ಲ.

ಮಟ್ಟ ನೋಡುವ ವಿಧಾನ

ರಸಮಟ್ಟ ಇಲ್ಲದಿದ್ದರೂ ಚಿಂತೆಯಿಲ್ಲ. ಕೈಗೆಟಕುವ ಒಂದು ಮೆಟ್ಟಿಲಿನ ಸರಿಯಾದ ಮಧ್ಯಕ್ಕೆ ದಾರ ಕಟ್ಟಿ, ಇನ್ನೊಂದು ತುದಿಗೆ ಸಣ್ಣ ಕಲ್ಲು ಕಟ್ಟಿ ತೂಗಬಿಡಿ. ಎಲ್ಲ ಮೆಟ್ಟಿಲುಗಳ ಮಧ್ಯಕ್ಕೂ ಮೊದಲೇ ಬಣ್ಣದ ಗುರುತು ಹಾಕಿರಬೇಕು. ನಾಲ್ಕು ಹೆಜ್ಜೆ ಹಿಂದೆ, ಏಣಿಗೆ ನೇರ ಎದುರಾಗಿ ನಿಂತು ನೋಡಿದಾಗ ದಾರವು ಕೆಳಗಿನ ಮೆಟ್ಟಿಲುಗಳ ಗುರುತಿನ ಮೇಲೆಯೇ ಹಾದುಹೋದರೆ ಏಣಿ ಮಟ್ಟವಾಗಿದೆ. ದಾರ ಯಾವ ಬದಿಗೆ ಸರಿದಿದೆಯೋ ಆ ಬದಿಯ ಕಾಲು ತಗ್ಗಿನಲ್ಲಿದೆ ಎಂದು ತಿಳಿಯಬೇಕು.

ಬಳಿಕ ಮೊದಲನೆಯ ಮೆಟ್ಟಿಲಿನ ಮೇಲೆ ನಿಂತು ಎರಡು ಮೂರು ಬಾರಿ ಮೈಭಾರ ಹಾಕಿ ತುಳಿಯಬೇಕು. ಕಾಲುಗಳು ಕೂರುವಷ್ಟು ಕೂತ ಮೇಲೆ ದಾರವನ್ನು ಮತ್ತೊಮ್ಮೆ ನೋಡತಕ್ಕದ್ದು.

ಓರೆ ಎಷ್ಟಿರಬೇಕು?

ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿ ದೂರ, ಇದು ಎಲ್ಲೆಡೆ ಅನುಸರಿಸುವ ನಿಯಮ. 60 ಕಿಲೋ ತೂಕದ ಮನುಷ್ಯ ಏಣಿಯ ತುದಿಯ ಹತ್ತಿರ ನಿಂತಾಗ, ಈ ಓರೆಯಲ್ಲಿ ಏಣಿಯ ಬುಡವನ್ನು ಹೊರಕ್ಕೆ ತಳ್ಳುವ ಒತ್ತಡ ಸುಮಾರು 15 ಕಿಲೋ. ಬುಡವನ್ನು ಇನ್ನೂ ದೂರ ಸರಿಸಿ ಎರಡಕ್ಕೆ ಒಂದರಂತೆ ಇಟ್ಟರೆ ಅದು 30 ಕಿಲೋ ಆಗುತ್ತದೆ. ತೀರ ನೆಟ್ಟಗಿಟ್ಟರೆ ಮನುಷ್ಯ ಹಿಂದಕ್ಕೆ ಮಗುಚುತ್ತಾನೆ. ಏಣಿಯ ಕಾಲಿಗೆ ಪಾದ ತಾಗಿಸಿ ನೆಟ್ಟಗೆ ನಿಂತು, ಕೈಗಳನ್ನು ಭುಜದ ಮಟ್ಟದಲ್ಲಿ ಮುಂದೆ ಚಾಚಿದಾಗ ಎದುರಿನ ಮೆಟ್ಟಿಲು ಅಂಗೈಗೆ ಸಿಕ್ಕಿದರೆ ಓರೆ ಸರಿಯಿದೆ.

ತುದಿ ಕಟ್ಟುವುದು

ಬುಡ ಎಷ್ಟೇ ಮಟ್ಟವಾಗಿದ್ದರೂ ಉರುಟು ಮರಕ್ಕೆ ಒರಗಿಸಿದ ಏಣಿಯ ತುದಿ ಕಟ್ಟದೆ ಕೊಯ್ಲಿಗೆ ತೊಡಗಬಾರದು.

ಮೇಲ್ಭಾಗದಲ್ಲಿ ಬಳ್ಳಿಯಿಲ್ಲದ ಮರವಾದರೆ ನೆಲದಿಂದಲೇ ಕಟ್ಟಬಹುದು. ಏಣಿ ಎತ್ತುವ ಮೊದಲು ಸುಮಾರು 50 ಅಡಿ ಉದ್ದದ ನೈಲಾನ್ ಹಗ್ಗದ ನಡುಭಾಗವನ್ನು ಮೇಲಿನ ಮೆಟ್ಟಿಲಿಗೆ ಬಿಗಿಯಬೇಕು. ಏಣಿ ಒರಗಿಸಿದ ಮೇಲೆ ಎಡಗಡೆಯ ಹಗ್ಗವನ್ನು ಮರದ ಹಿಂದಿನಿಂದ ಬಲಕ್ಕೂ, ಬಲಗಡೆಯದನ್ನು ಎಡಕ್ಕೂ ತಂದು, ಹಗ್ಗಗಳು ಮರದ ಹಿಂದೆ ಆದಷ್ಟು ಎತ್ತರದಲ್ಲಿ ಅಡ್ಡ ಹಾಯುವಂತೆ ಮಾಡಿ, ಕೆಳಗೆ ಎಳೆದು ಏಣಿಯ ಎರಡು ಕಾಲುಗಳಿಗೆ ಕಟ್ಟಬೇಕು.

ಬಳ್ಳಿ ತುದಿಯವರೆಗೂ ಹಬ್ಬಿದ್ದರೆ ಈ ಹಗ್ಗ ಬಳ್ಳಿಯ ಅಡ್ಡರೆಂಬೆಗಳನ್ನು ಮುರಿಯುತ್ತದೆ. ಅಲ್ಲಿ ಕೆಳಗೆ ಒಬ್ಬರು ಏಣಿಯನ್ನು ಹಿಡಿದಿರುವಾಗ ಹತ್ತಿದವರು ರೆಂಬೆಗಳ ನಡುವೆ ಕೈ ತೂರಿಸಿ ಏಣಿಯನ್ನು ಕಾಂಡಕ್ಕೆ ಕಟ್ಟಿ, ನಂತರವೇ ಕೊಯ್ಲಿಗೆ ತೊಡಗಬೇಕು. ಹಗ್ಗ ಬಳ್ಳಿಗೆ ತಾಗುವಲ್ಲಿ ಗೋಣಿ ತುಂಡು ಇಡುವುದು ಸೂಕ್ತ.

ಯಾವ ಏಣಿ ಎಲ್ಲಿಗೆ?

ಒಂಟಿ ಬಿದಿರಿನ ಏಣಿ: ಇದಕ್ಕೆ ಒಂದೇ ಕಾಲು, ಆದ್ದರಿಂದ ಎಡಬಲ ಮಟ್ಟದ ತೊಂದರೆಯೇ ಇಲ್ಲ. ಕಡಿದಾದ ಇಳಿಜಾರಿಗೆ ಇದು ಹೊಂದುತ್ತದೆ. ಆದರೆ ಅದು ತನ್ನಷ್ಟಕ್ಕೆ ತಿರುಗುತ್ತದೆ. ಬುಡವನ್ನು ಗುಳಿಯಲ್ಲಿ ಕೂರಿಸಿ, ಎದೆಮಟ್ಟದಲ್ಲಿ ಒಮ್ಮೆ, ಮೇಲೆ ಏರಿದಂತೆ ಮತ್ತೆ ಒಂದೆರಡು ಕಡೆ ಮರಕ್ಕೆ ಕಟ್ಟಲೇಬೇಕು. ಅಲ್ಯೂಮಿನಿಯಂನ ಒಂಟಿ ಏಣಿಗೂ ಇದೇ ನಿಯಮ.

ಎರಡು ಕಾಲಿನ ಏಣಿ: ಅಗಲವಾದ ಬುಡ ಇರುವುದನ್ನೇ ಆರಿಸಬೇಕು. ಬುಡ 15 ಅಂಗುಲದ ಬದಲು 30 ಅಂಗುಲ ಇದ್ದರೆ ಅದೇ ಒಂದು ಅಂಗುಲ ತಗ್ಗಿಗೆ ತುದಿ ಅರ್ಧ ಅಡಿ ಮಾತ್ರ ವಾಲುತ್ತದೆ.

ಮೂರು ಕಾಲಿನ ಏಣಿ: ಒಲೆಯ ಮೂರು ಗುಂಡುಗಳಂತೆ ಮೂರು ಕಾಲುಗಳು ಎಂತಹ ನೆಲದಲ್ಲಿಯೂ ಕುಂಟುವುದಿಲ್ಲ. ಒರಗಿಸಲು ಗಟ್ಟಿ ಕಾಂಡವಿಲ್ಲದ ಕೊಕ್ಕೋ, ಜಾಯಿಕಾಯಿ, ಎಳೆಯ ಗೇರು ಗಿಡಗಳ ಕೊಯ್ಲಿಗೆ ಮತ್ತು ಸವರುವಿಕೆಗೆ ಇದು ಉತ್ತಮ. ಇಳಿಜಾರಿನಲ್ಲಿ ಮೂರನೆಯ ಕಾಲು ಮೇಲ್ಬದಿಗೆ ಇರಬೇಕು. ಮೆಟ್ಟಿಲಿರುವ ಎರಡು ಕಾಲುಗಳನ್ನು ಇಲ್ಲಿಯೂ ಮಟ್ಟ ಮಾಡಬೇಕು. ಮೇಲಿನ ಮೂರು ಮೆಟ್ಟಿಲುಗಳ ಮೇಲೆ ನಿಲ್ಲಬಾರದು. ನುಣುಪು ಸಿಮೆಂಟು ಅಂಗಳದಲ್ಲಿ ಇದನ್ನು ಬಳಸಬಾರದು. ಕಾಲುಗಳು ಅಗಲಕ್ಕೆ ಜಾರುತ್ತವೆ.

ಉದ್ದ ಹೊಂದಿಸುವ ಕಾಲು

ಮೂರು ಅಂಗುಲಕ್ಕಿಂತ ಹೆಚ್ಚು ಏರುಪೇರು ಇರುವ ತೋಟಗಳಿಗೆ, ಕಬ್ಬಿಣದ ಏಣಿಯಾಗಿದ್ದರೆ, ಊರಿನ ವೆಲ್ಡಿಂಗ್ ಅಂಗಡಿಯಲ್ಲಿಯೇ ಉದ್ದ ಹೊಂದಿಸುವ ಕಾಲನ್ನು ಮಾಡಿಸಿಕೊಳ್ಳಬಹುದು. ಏಣಿಯ ಒಂದು ಕಾಲಿಗೆ ಎರಡು ಅಡಿ ಉದ್ದದ ಚೌಕ ಕೊಳವೆಯನ್ನು ಬೆಸೆದು, ಅದರೊಳಗೆ ಸಡಿಲವಿಲ್ಲದೆ ಜಾರುವ ಇನ್ನೊಂದು ಕೊಳವೆಯನ್ನು ಹಾಕಬೇಕು. ಒಳಗಿನ ಕೊಳವೆಗೆ ಒಂದು ಅಂಗುಲಕ್ಕೊಂದರಂತೆ ತೂತು ಕೊರೆದು, ಹೊರಗಿನ ಕೊಳವೆಯ ತೂತಿನ ಮೂಲಕ 12 ಮಿಲಿಮೀಟರ್ ದಪ್ಪದ ಬೋಲ್ಟು ಹಾಯಿಸಿ ನಟ್ಟು ಬಿಗಿಯಬೇಕು. ಎಷ್ಟೇ ಹೊರಗೆ ಎಳೆದರೂ ಒಳಕೊಳವೆಯ ಒಂದು ಅಡಿಯಾದರೂ ಹೊರಕೊಳವೆಯೊಳಗೆ ಉಳಿಯಬೇಕು. ಅಡಿಗೆ ಅಂಗೈ ಅಗಲದ ತಗಡು, ಅದಕ್ಕೆ ಕೆಳಮುಖವಾಗಿ ಎರಡು ಮೊನೆ ಬೆಸೆದರೆ ಮಣ್ಣಿನಲ್ಲಿ ಹಿಡಿತ ಸಿಗುತ್ತದೆ. 9 ಅಂಗುಲಕ್ಕೂ ಮೀರಿದ ಏರುಪೇರಿಗೆ ಇದನ್ನು ಅವಲಂಬಿಸದೆ ಜಾಗ ಬದಲಿಸುವುದೇ ಲೇಸು. ಬಿದಿರಿನ ಏಣಿಗೆ ತೂತು ಕೊರೆಯಬಾರದು. ಬಿದಿರು ಅಲ್ಲಿಂದಲೇ ಸೀಳುತ್ತದೆ.

ಹಂಗಾಮಿಗೆ ಮುನ್ನ

ಡಿಸೆಂಬರಿನಲ್ಲಿಯೇ ಅಟ್ಟದಿಂದ ಏಣಿ ಇಳಿಸಿ ಪರೀಕ್ಷಿಸಬೇಕು. ಬಿದಿರಿನಲ್ಲಿ ಸೀಳು ಅಥವಾ ಕುಟ್ಟೆ ಹಿಡಿದ ಹುಡಿ ಕಂಡರೆ ಆ ಏಣಿ ಒಲೆಗೆ ಹೋಗಲಿ. ಏಣಿಯನ್ನು ನೆಲದ ಮೇಲೆ ಅಡ್ಡ ಮಲಗಿಸಿ, ಎರಡೂ ತುದಿಗೆ ಕಲ್ಲು ಕೊಟ್ಟು, ಪ್ರತಿ ಮೆಟ್ಟಿಲನ್ನೂ ಕಾಲಿನಿಂದ ಒತ್ತಿ ನೋಡಬೇಕು. ಹಳೆಯ ಕಟ್ಟುಹಗ್ಗವನ್ನು ಬದಲಾಯಿಸಬೇಕು.

ತೋಟದ ಮೇಲೆ ವಿದ್ಯುತ್ ತಂತಿ ಹಾದುಹೋಗಿದ್ದರೆ ಅಲ್ಲಿ ಅಲ್ಯೂಮಿನಿಯಂ ಅಥವಾ ಕಬ್ಬಿಣದ ಏಣಿ ತರಲೇಬಾರದು. ಹಸಿ ಬಿದಿರಿನಲ್ಲಿಯೂ ವಿದ್ಯುತ್ ಹರಿಯುತ್ತದೆ. ಯಾವ ಏಣಿಯಾದರೂ, ಅದು ಯಾವ ಕಡೆ ಬಿದ್ದರೂ ತಂತಿಗೆ ತಾಗದಷ್ಟು ದೂರ ಇರಬೇಕು.

ಕೆಲಸದ ವೇಳೆ

ಕೊಯ್ದ ಮೆಣಸಿಗೆ ಹೆಗಲಿನ ಜೋಳಿಗೆ ಇರಲಿ. ಎರಡು ಕೈಗಳೂ ಏಣಿ ಹಿಡಿಯಲು ಬಿಡುವಾಗಿರಬೇಕು. ಜೋಳಿಗೆ ಅರ್ಧ ತುಂಬಿದೊಡನೆ ಇಳಿಸಬೇಕು, ಏಕೆಂದರೆ ಒಂದು ಬದಿಯ ಭಾರ ಏಣಿಯನ್ನೂ ವಾಲಿಸುತ್ತದೆ. ಹೊಕ್ಕುಳು ಏಣಿಯ ಎರಡು ಕಾಲುಗಳ ನಡುವೆಯೇ ಇರಬೇಕು. ಅದು ಹೊರಗೆ ಹೋಗುವಷ್ಟು ಬಾಗಿದರೆ ಸಿಗುವುದು ನಾಲ್ಕು ತೆನೆ, ಹೋಗುವುದು ಸೊಂಟ. ಬೆಳಗಿನ ಮಂಜು ಆರಿದ ಮೇಲೆ ಹತ್ತಬೇಕು. ಒಬ್ಬರೇ ತೋಟಕ್ಕೆ ಹೋಗಿ ಏಣಿ ಹತ್ತುವುದು ಸಲ್ಲದು.

ಅಕಸ್ಮಾತ್ ಯಾರಾದರೂ ಬಿದ್ದು ಬೆನ್ನು, ಕುತ್ತಿಗೆ ನೋವೆಂದರೆ ಅವರನ್ನು ಎಬ್ಬಿಸಿ ಕೂರಿಸಬಾರದು, ಹೆಗಲ ಮೇಲೆ ಹೊರಬಾರದು. ಮಲಗಿದಲ್ಲಿಯೇ ಅಲುಗಾಡದಂತೆ ನೋಡಿಕೊಂಡು 108ಕ್ಕೆ ಕರೆ ಮಾಡಬೇಕು. ವಾಹನ ಬರುವಲ್ಲಿಗೆ ಒಯ್ಯಲೇಬೇಕಾದರೆ ನಾಲ್ಕು ಜನ ಸೇರಿ ತಲೆ, ಬೆನ್ನು, ಕಾಲು ಒಂದೇ ನೇರದಲ್ಲಿರುವಂತೆ ಹಲಗೆಗೆ ಸರಿಸಿ ಒಯ್ಯಬೇಕು.

ವಿಸ್ತರಣಾ ಕಾರ್ಯಕರ್ತರು ಕೊಯ್ಲಿಗೆ ಮುನ್ನ ಒಂದು ಇಳಿಜಾರು ತೋಟದಲ್ಲಿ ರೈತರನ್ನು, ಮುಖ್ಯವಾಗಿ ಏಣಿ ಹತ್ತುವ ಕೆಲಸಗಾರರನ್ನು, ಸೇರಿಸಿ ದಾರ ಕಟ್ಟಿದ ಏಣಿಯ ಪ್ರಾತ್ಯಕ್ಷಿಕೆ ನಡೆಸಬಹುದು. ಒಂದು ಕಾಲಿನ ಅಡಿಯಿಂದ ಒಂದು ಅಂಗುಲ ಮಣ್ಣು ತೆಗೆದು ತುದಿ ಒಂದು ಅಡಿ ಸರಿಯುವುದನ್ನು ಕಣ್ಣಾರೆ ತೋರಿಸಿದರೆ ಮತ್ತೆ ಯಾರೂ ಏಣಿಯ ಕಾಲಿಗೆ ಕಲ್ಲು ಕೊಡಲಾರರು.

ನೆನಪಿಡಬೇಕಾದ ಅಂಶಗಳು

- ಇಳಿಜಾರಿನಲ್ಲಿ ಏಣಿಯ ಬುಡ ಮರದ ಮೇಲ್ಬದಿಗಿರಲಿ.
- ತಗ್ಗಿನ ಕಾಲಿಗೆ ಕಲ್ಲು ಬೇಡ. ಎತ್ತರದ ಕಾಲಿಗೆ ಗುಳಿ ತೋಡಿ.
- ದಾರ ತೂಗಬಿಟ್ಟು ಮಟ್ಟ ನೋಡಿ, ತುಳಿದು ಮತ್ತೊಮ್ಮೆ ನೋಡಿ.
- ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿ ದೂರ.
- ತುದಿ ಕಟ್ಟದೆ ಕೊಯ್ಲು ಬೇಡ.