ಗಿಡಗಳ ಮೇಲೆ ಪಿಎಚ್.ಡಿ.: ಫೀಸು ಎಷ್ಟು?

ನನ್ನ ಆಪಾ ಎಂ.ಎಸ್ಸಿ. ಸಸ್ಯಶಾಸ್ತ್ರದ ಮೊದಲ ವರ್ಷದಲ್ಲಿದ್ದಾಳೆ. ರಂಜಾನ್ ತಿಂಗಳಲ್ಲಿ ಒಂದು ದಿನ ಇಫ್ತಾರ್ ಮುಗಿದ ಮೇಲೆ, ಮುಂದೆ ಪಿಎಚ್.ಡಿ. ಮಾಡುತ್ತೇನೆ ಅಂದಳು. ಅಬ್ಬಾ ಕೇಳಿದ ಮೊದಲ ಪ್ರಶ್ನೆ, "ಫೀಸು ಎಷ್ಟು?"

"ಫೀಸಿಗಿಂತ ಎಷ್ಟೋ ಹೆಚ್ಚು ಅವರೇ ಕೊಡುತ್ತಾರೆ ಅಬ್ಬಾ. ವಜೀಫಾ ಸಿಗುತ್ತೆ" ಅಂದಳು ಆಪಾ.

ಉರ್ದುವಿನಲ್ಲಿ ವಿದ್ಯಾರ್ಥಿವೇತನಕ್ಕೆ ವಜೀಫಾ ಅನ್ನುತ್ತೇವೆ. ಆದರೆ ನಮ್ಮ ನಾನಿಗೆ ವಜೀಫಾ ಅಂದರೆ ನಮಾಜಿನ ನಂತರ ಕುಳಿತು ಓದುವ ದುವಾ. "ಅದನ್ನು ಓದುವುದಕ್ಕೆ ಯಾರು ದುಡ್ಡು ಕೊಡ್ತಾರೆ ಬೇಟಿ?" ಅಂದರು. ಎಲ್ಲರೂ ನಕ್ಕೆವು. ಅಬ್ಬಾ ಮಾತ್ರ ನಗಲಿಲ್ಲ. ನನ್ನ ಕಡೆ ತಿರುಗಿ, "ನೀನು ಕಾಮರ್ಸ್ ಅಲ್ಲವಾ, ಲೆಕ್ಕ ಹಾಕಿ ತೋರಿಸು" ಅಂದರು. ಈ ಲೇಖನ ಆ ಲೆಕ್ಕವೇ. ನೀಟ್ ಬಿಟ್ಟರೆ ಬೇರೆ ದಾರಿಯೇ ಇಲ್ಲ ಅಂದುಕೊಂಡಿರುವ ಪಿಸಿಎಂಬಿ ಸ್ನೇಹಿತರಿಗೆ ಉಪಯೋಗವಾಗಬಹುದು ಎಂದು ಬರೆಯುತ್ತಿದ್ದೇನೆ.

ಮೊದಲು ಜಮಾ ಬದಿ. ಸಿಎಸ್‌ಐಆರ್-ಯುಜಿಸಿ ನೆಟ್ ಎಂಬ ರಾಷ್ಟ್ರಮಟ್ಟದ ಪರೀಕ್ಷೆ ಇದೆ. ಅದರಲ್ಲಿ ಮೇಲಿನ ಸ್ಥಾನ ಪಡೆದವರಿಗೆ ಜೂನಿಯರ್ ರಿಸರ್ಚ್ ಫೆಲೋಶಿಪ್, ಅಂದರೆ ಜೆಆರ್‌ಎಫ್ ಸಿಗುತ್ತದೆ. 2023ರ ಜನವರಿಯಿಂದ ಇದು ತಿಂಗಳಿಗೆ 37,000 ರೂಪಾಯಿ. ಅದಕ್ಕೆ ಮುಂಚೆ 31,000 ಇತ್ತು. ಎರಡು ವರ್ಷದ ನಂತರ ಕೆಲಸ ಹೇಗಿದೆ ಎಂದು ಒಂದು ಸಮಿತಿ ನೋಡುತ್ತದೆ. ಒಪ್ಪಿಗೆಯಾದರೆ ಸೀನಿಯರ್ ಫೆಲೋಶಿಪ್, ತಿಂಗಳಿಗೆ 42,000. ಒಟ್ಟು ಐದು ವರ್ಷ ಎಂದಿಟ್ಟುಕೊಳ್ಳಿ. ಮೊದಲ 24 ತಿಂಗಳಿಗೆ 8,88,000, ಉಳಿದ 36 ತಿಂಗಳಿಗೆ 15,12,000. ಕೂಡಿಸಿದರೆ ಸರಿಯಾಗಿ 24 ಲಕ್ಷ! ಮೊತ್ತ ಇಷ್ಟು ಗುಂಡಾಗಿ ಬಂದದ್ದಕ್ಕೆ ತಪ್ಪಾಯಿತೇನೋ ಎಂದು ಎರಡು ಸಲ ಕೂಡಿಸಿ ನೋಡಿದೆ. ಹಾಸ್ಟೆಲ್ ಸಿಗದಿದ್ದರೆ ಮನೆ ಬಾಡಿಗೆ ಭತ್ಯೆ ಬೇರೆ ಇದೆ. ಸಂಶೋಧನೆಯ ಸಣ್ಣಪುಟ್ಟ ಖರ್ಚಿಗೆ ವರ್ಷಕ್ಕೆ 20,000 ಬರುತ್ತದೆ, ಆದರೆ ಅದು ಸಂಸ್ಥೆಯ ಮೂಲಕ ಖರ್ಚಾಗುವ ಹಣ, ಅದನ್ನು ಆದಾಯದಲ್ಲಿ ಸೇರಿಸಬಾರದು.

ಇದನ್ನು ಮಾಡಲು ದೂರ ಹೋಗಬೇಕಾಗಿಲ್ಲ. ನಮ್ಮ ಮೈಸೂರಿನ ಚೆಲುವಾಂಬ ಮ್ಯಾನ್ಷನ್ ಎಲ್ಲರೂ ನೋಡಿದ್ದೇವೆ. 1950ರಿಂದ ಅಲ್ಲಿರುವ ಸಿಎಫ್‌ಟಿಆರ್‌ಐ ಆಹಾರ ಸಂಶೋಧನೆಯ ಸಂಸ್ಥೆ ಎಂದಷ್ಟೇ ನನಗೆ ಗೊತ್ತಿತ್ತು. ಅಲ್ಲಿ ಸಸ್ಯಕೋಶ ಜೈವಿಕ ತಂತ್ರಜ್ಞಾನದ ವಿಭಾಗವೂ ಇದೆ. ಎಚ್.ಡಿ. ಕೋಟೆ ಕಡೆ ಕೆಲವು ರೈತರು ಚಿಯಾ ಬೆಳೆಯುತ್ತಾರಲ್ಲ, ಚಿಯಾ ತಳಿಗಳ ಮೇಲೆ ಕೆಲಸ ನಡೆದದ್ದೂ ಇದೇ ಸಂಸ್ಥೆಯಲ್ಲಿ. ಅಲ್ಲಿ ಸಂಶೋಧನೆ ಮಾಡುವವರು ಎಸಿಎಸ್‌ಐಆರ್ ಎಂಬ ಸಂಸ್ಥೆಯ ಮೂಲಕ ಪಿಎಚ್.ಡಿ. ಪದವಿ ಪಡೆಯಬಹುದು. ಪ್ರವೇಶ ಜನವರಿ ಮತ್ತು ಆಗಸ್ಟ್‌ನಲ್ಲಿ. ಇದಲ್ಲದೆ ಮಾನಸಗಂಗೋತ್ರಿಯಲ್ಲಿ ಸಸ್ಯಶಾಸ್ತ್ರ ವಿಭಾಗವಿದೆ. ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯೂ ಮೈಸೂರಿನಲ್ಲೇ ಇದೆ. ರೇಷ್ಮೆ ಬೆಳೆಗಾರರಿಗೆಲ್ಲ ಗೊತ್ತಿರುವ ವಿ-1 ಹಿಪ್ಪುನೇರಳೆ ತಳಿ ಬಂದದ್ದು ಅಲ್ಲಿಂದ.

"ಗಿಡ ನೋಡುವುದಕ್ಕೆ ಸರ್ಕಾರ ಇಷ್ಟು ದುಡ್ಡು ಏಕೆ ಕೊಡುತ್ತೆ?" ಇದು ಅಬ್ಬಾರ ಎರಡನೇ ಪ್ರಶ್ನೆ. ನ್ಯಾಯವಾದ ಪ್ರಶ್ನೆ. ಆಪಾ ನಂಜನಗೂಡು ರಸಬಾಳೆಯ ಉದಾಹರಣೆ ಕೊಟ್ಟಳು. ಭೌಗೋಳಿಕ ಸೂಚ್ಯಂಕದ ಗುರುತು ಪಡೆದ ಈ ಬಾಳೆ ಈಗ ಹುಡುಕಿದರೂ ಸಿಗುವುದು ಕಷ್ಟ. ಕಾರಣ ಪನಾಮ ಸೊರಗು ರೋಗ. ಫ್ಯುಸೇರಿಯಂ ಎಂಬ ಶಿಲೀಂಧ್ರ ಮಣ್ಣಿನಿಂದ ಬೇರಿಗೆ ಹೊಕ್ಕು, ನೀರು ಮೇಲೇರುವ ನಾಳಗಳನ್ನು ಕಟ್ಟಿಬಿಡುತ್ತದೆ. ನೆಲದಲ್ಲಿ ನೀರಿದ್ದರೂ ಎಲೆ ಹಳದಿಯಾಗಿ ಗಿಡ ಬಾಡುತ್ತದೆ. ಒಮ್ಮೆ ಮಣ್ಣಿಗೆ ಸೇರಿದರೆ ಹತ್ತಾರು ವರ್ಷ ಅಲ್ಲೇ ಉಳಿಯುತ್ತದೆ, ಔಷಧಿ ಹೊಡೆದರೆ ಹೋಗುವುದಿಲ್ಲ. ಬಾಳೆಯನ್ನು ಬೀಜದಿಂದಲ್ಲ, ಕಂದಿನಿಂದ ಬೆಳೆಸುತ್ತಾರೆ. ಹಾಗಾಗಿ ರೋಗ ಹತ್ತಿದ ತೋಟದ ಕಂದು ಕೊಟ್ಟರೆ ರೋಗವನ್ನೂ ಕೊಟ್ಟಂತೆ. ಪ್ರಯೋಗಾಲಯದಲ್ಲಿ ಅಂಗಾಂಶ ಕೃಷಿಯಿಂದ ರೋಗವಿಲ್ಲದ ಸಸಿ ಮಾಡಬಹುದು. ಆದರೆ ಅದನ್ನು ಅದೇ ಮಣ್ಣಿನಲ್ಲಿ ನೆಟ್ಟರೆ ಮತ್ತೆ ರೋಗ ಬರುತ್ತದೆ. ರುಚಿ ಹಾಳಾಗದೆ ರೋಗ ತಡೆಯುವ ಗಿಡ ಬರುವುದು ಹೇಗೆ? ಇಂಥ ಒಂದು ಪ್ರಶ್ನೆಯ ಒಂದು ಸಣ್ಣ ತುಂಡಿನ ಹಿಂದೆ ನಾಲ್ಕೈದು ವರ್ಷ ಕೂರುವುದೇ ಪಿಎಚ್.ಡಿ.

ಉತ್ತರ ಸಿಕ್ಕರೆ ಲಾಭ ಎಲ್ಲ ಬೆಳೆಗಾರರಿಗೆ, ಆದರೆ ಯಾವ ಒಬ್ಬ ಬೆಳೆಗಾರನೂ ಅದರ ಖರ್ಚು ಹಾಕಲಾರ. ಅರ್ಥಶಾಸ್ತ್ರದಲ್ಲಿ ನಾವು ಓದುವ ಸಾರ್ವಜನಿಕ ಸರಕು ಇದೇ. ಪುಸ್ತಕದಲ್ಲಿ ಬೀದಿದೀಪದ ಉದಾಹರಣೆ ಓದಿದಾಗ ಅರ್ಥವಾಗದ್ದು ನನಗೆ ಬಾಳೆಹಣ್ಣಿನಲ್ಲಿ ಅರ್ಥವಾಯಿತು.

ಇನ್ನು ಖರ್ಚು ಬದಿ. ನಿಜವಾದ ಕಷ್ಟ ಇರುವುದು ಇಲ್ಲಿ. ಪಿಎಚ್.ಡಿ.ಗೆ ದುಡ್ಡು ಬರುತ್ತದೆ, ಆದರೆ ಅಲ್ಲಿಯವರೆಗಿನ ದಾರಿಗೆ ಬರುವುದಿಲ್ಲ. ಬಿ.ಎಸ್ಸಿ. ಆದ ಮೇಲೆ ಎಂ.ಎಸ್ಸಿ. ಎರಡು ವರ್ಷ ಮನೆಯವರೇ ನೋಡಿಕೊಳ್ಳಬೇಕು. ನೆಟ್ ವರ್ಷಕ್ಕೆ ಸಾಮಾನ್ಯವಾಗಿ ಎರಡು ಸಲ ನಡೆಯುತ್ತದೆ, ಮೊದಲ ಸಲವೇ ಜೆಆರ್‌ಎಫ್ ಬರುವವರು ಕಡಿಮೆ. ಕಾಯುವ ಆ ವರ್ಷ ಯಾರ ಲೆಕ್ಕದಲ್ಲೂ ಇರುವುದಿಲ್ಲ. ಅಷ್ಟರಲ್ಲಿ ಅವಳು ಶಾಲೆಯಲ್ಲೋ ಕಂಪನಿಯಲ್ಲೋ ದುಡಿಯಬಹುದಿತ್ತು. ಬಿಟ್ಟುಕೊಟ್ಟ ಆ ಸಂಬಳವೇ ಅವಕಾಶ ವೆಚ್ಚ. ನಾನು ಅದನ್ನೂ ಬರೆದೆ. ಆಪಾಗೆ ಇಷ್ಟವಾಗಲಿಲ್ಲ, ಆದರೆ ಲೆಕ್ಕದಲ್ಲಿ ಮುಚ್ಚಿಡುವಂತಿಲ್ಲ. ಫೆಲೋಶಿಪ್ ಕೂಡ ಪ್ರತಿ ತಿಂಗಳು ಒಂದನೇ ತಾರೀಖಿಗೆ ಬರುವ ಸಂಬಳವಲ್ಲ. ತಡವಾಗುತ್ತದೆ ಎಂಬ ದೂರು ದೇಶದಲ್ಲೆಲ್ಲ ಇದೆ.

ಇಲ್ಲಿ ಬಹಳ ಜನ ತಪ್ಪು ತಿಳಿಯುವ ಎರಡು ವಿಷಯ ಹೇಳಬೇಕು. ನೆಟ್ ಪಾಸಾದವರಿಗೆಲ್ಲ ಫೆಲೋಶಿಪ್ ಇಲ್ಲ. ಕೆಳಗಿನ ಸ್ಥಾನದವರಿಗೆ ಸಹಾಯಕ ಪ್ರಾಧ್ಯಾಪಕರ ಅರ್ಹತೆ ಅಥವಾ ಪಿಎಚ್.ಡಿ. ಪ್ರವೇಶದ ಅರ್ಹತೆ ಅಷ್ಟೇ. ಕೆ-ಸೆಟ್‌ನಲ್ಲೂ ಫೆಲೋಶಿಪ್ ಇಲ್ಲ. ಇನ್ನೊಂದು, ನಮ್ಮ ಮನೆಗೆ ಬರುವ ಹಿರಿಯರೊಬ್ಬರು "ಮೌಲಾನಾ ಆಜಾದ್ ಫೆಲೋಶಿಪ್ ಹಾಕಿಬಿಡಿ" ಎಂದು ಈಗಲೂ ಹೇಳುತ್ತಾರೆ. ಅಲ್ಪಸಂಖ್ಯಾತ ಸಂಶೋಧಕರಿಗಿದ್ದ ಆ ಯೋಜನೆಯನ್ನು ಕೇಂದ್ರ ಸರ್ಕಾರ 2022–23ರಿಂದ ನಿಲ್ಲಿಸಿದೆ. ಬೇರೆ ಯೋಜನೆಗಳ ಜೊತೆ ಹೊಂದುತ್ತದೆ ಎಂಬುದು ಕೊಟ್ಟ ಕಾರಣ. ನಮ್ಮಂಥವರಿಗೆ ಇದು ನಷ್ಟವೇ. ರಾಜ್ಯದ ಅಲ್ಪಸಂಖ್ಯಾತರ ಇಲಾಖೆಯ ಫೆಲೋಶಿಪ್‌ಗೆ ಮೊತ್ತ, ನಿಯಮ ಬದಲಾಗುತ್ತಿರುತ್ತವೆ. ಆಯಾ ವರ್ಷದ ಪ್ರಕಟಣೆ ಓದಿಯೇ ಅರ್ಜಿ ಹಾಕಿ.

ಖಾಲಾಗೆ ಇದ್ದ ಚಿಂತೆ ದುಡ್ಡಿನದಲ್ಲ, ಮದುವೆಯದು. ಅದಕ್ಕೂ ನಿಯಮದಲ್ಲಿ ಸ್ವಲ್ಪ ಜಾಗ ಇದೆ. ಯುಜಿಸಿಯ 2022ರ ನಿಯಮದಂತೆ ಪಿಎಚ್.ಡಿ.ಗೆ ಕನಿಷ್ಠ 3, ಗರಿಷ್ಠ 6 ವರ್ಷ. ಮಹಿಳೆಯರಿಗೆ ಇನ್ನೂ 2 ವರ್ಷ ಹೆಚ್ಚು ಸಿಗಬಹುದು, ಹೆರಿಗೆ ಮತ್ತು ಮಗುವಿನ ಆರೈಕೆಗೆ 240 ದಿನಗಳವರೆಗೆ ರಜೆಯೂ ಇದೆ. ಜೆಆರ್‌ಎಫ್ ವಯಸ್ಸಿನ ಮಿತಿಯಲ್ಲಿ ಮಹಿಳೆಯರಿಗೆ 5 ವರ್ಷ ಸಡಿಲಿಕೆ. ಖಾಲಾ ಪೂರ್ತಿ ಒಪ್ಪಿದರೋ ಇಲ್ಲವೋ, ಹುಡುಗ ಓದಿದವನಾಗಿರಲಿ ಎಂದಷ್ಟೇ ಹೇಳಿ ಚಹಾ ಕುಡಿದರು.

ಅಬ್ಬಾ ಪುಸ್ತಕ ನೋಡಿ ಒಂದು ಸಾಲಿನ ಮೇಲೆ ಬೆರಳಿಟ್ಟರು. 24 ಲಕ್ಷದ ಮೇಲಲ್ಲ, "ಕಾಯುವ ವರ್ಷ" ಎಂದು ಬರೆದಿದ್ದ ಸಾಲಿನ ಮೇಲೆ. "ಒಂದು ವರ್ಷ ನಾನು ನೋಡಿಕೊಳ್ತೇನೆ. ಎರಡನೇ ವರ್ಷಕ್ಕೆ?" ಪ್ರಾಜೆಕ್ಟ್ ಅಸೋಸಿಯೇಟ್ ಎಂಬ ಕೆಲಸ ಇರುತ್ತದೆ, ಸಂಸ್ಥೆಗಳು ಸಂದರ್ಶನ ಮಾಡಿ ನಿಗದಿತ ಅವಧಿಗೆ ತೆಗೆದುಕೊಳ್ಳುತ್ತವೆ, ತಿಂಗಳ ಹಣ ಬರುತ್ತದೆ, ಪ್ರಯೋಗಾಲಯದ ಕೆಲಸವೂ ಕಲಿಯಬಹುದು ಎಂದಳು ಆಪಾ. ಅದನ್ನೂ ಬರೆದುಕೋ ಅಂದರು.

ನೆಟ್‌ನಲ್ಲಿ ಸಸ್ಯಶಾಸ್ತ್ರ ಎಂಬ ವಿಷಯ ಬೇರೆಯಾಗಿ ಇಲ್ಲ. ಎಲ್ಲರೂ ಜೀವವಿಜ್ಞಾನದ ಪತ್ರಿಕೆಯನ್ನೇ ಬರೆಯಬೇಕು, ಮೂರು ಗಂಟೆ, 200 ಅಂಕ. ಅದರ ಎ ಭಾಗಕ್ಕೆ 30 ಅಂಕ, ಅದು ಶೇಕಡಾವಾರು, ಅನುಪಾತ, ನಕ್ಷೆ ಓದುವುದು, ತರ್ಕ. ತಪ್ಪು ಉತ್ತರಕ್ಕೆ ಕಾಲು ಭಾಗ ಅಂಕ ಕಳೆಯುತ್ತಾರೆ. ಎಲೆಯ ಒಳಗಿನ ರಚನೆಯನ್ನು ಕಣ್ಣು ಮುಚ್ಚಿ ಬರೆಯುವ ಆಪಾಗೆ ಶೇಕಡಾ 12ರ ಮೇಲೆ ಶೇಕಡಾ 5 ರಿಯಾಯಿತಿ ಅಂದರೆ ತಲೆ ತಿರುಗುತ್ತದೆ. ಈಗ ಇಶಾ ನಮಾಜಿನ ನಂತರ ಅರ್ಧ ಗಂಟೆ ನಾನೇ ಅವಳ ಟ್ಯೂಷನ್ ಮೇಷ್ಟ್ರು. ಫೀಸು ಇನ್ನೂ ನಿಗದಿಯಾಗಿಲ್ಲ.