ಚಾವಿ, ಆರ್‌ಸಿ ಮತ್ತು ಹೊಣೆ

ಕಾರಿನ ವಿಷಯದಲ್ಲಿ ಜನ ಮಾಡುವ, ಆಮೇಲೆ ನಾಲ್ಕು ಜನರೆದುರು ಹೇಳಿಕೊಳ್ಳಲು ನಾಚುವ ತಪ್ಪುಗಳು ಎಲ್ಲೆಡೆ ಹೆಚ್ಚುಕಡಿಮೆ ಒಂದೇ: ಚಾವಿ ಗಾಡಿಯಲ್ಲೇ ಬಿಟ್ಟು ಚಹಾ ಕುಡಿಯಲು ಇಳಿಯುವುದು, ಹ್ಯಾಂಡ್‌ಬ್ರೇಕ್ ಎಳೆಯಲು ಮರೆಯುವುದು, ಡೀಸೆಲ್ ಗಾಡಿಗೆ ಪೆಟ್ರೋಲ್ ಹಾಕಿಸುವುದು, ಮಾರಿದ ಕಾರಿನ ಆರ್‌ಸಿ ತಮ್ಮ ಹೆಸರಿನಲ್ಲೇ ಉಳಿಸಿಕೊಳ್ಳುವುದು, ಹೈಸ್ಕೂಲಿಗೆ ಹೋಗುವ ಮಗನನ್ನು ಸ್ಟೇರಿಂಗ್ ಮುಂದೆ ಕೂರಿಸುವುದು. ಇವುಗಳಲ್ಲಿ ಹೆಚ್ಚಿನವನ್ನು 1988ರ ಮೋಟಾರು ವಾಹನ ಕಾಯ್ದೆ ಬರಿಯ ಮರೆವು ಎಂದು ಬಿಟ್ಟುಕೊಡುವುದಿಲ್ಲ. ಒಬ್ಬ ಹೊಣೆಗಾರನನ್ನು ಗುರುತಿಸುತ್ತದೆ. ಆ ಹೊತ್ತಿಗೆ ಗಾಡಿ ಯಾರ ವಶದಲ್ಲಿತ್ತೋ ಅವರು, ಇಲ್ಲವೇ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರು ಉತ್ತರ ಕೊಡಬೇಕಾಗುತ್ತದೆ. ಎಷ್ಟೋ ಸಲ ಇಬ್ಬರೂ.

ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲ್ಲೂಕಿನ ನೆಲೋಗಿಯ ಜನರಿಗೆ ಈ ಹೊಣೆಯ ತೂಕ ಗೊತ್ತಿದೆ. ಜೇವರ್ಗಿಯಿಂದ ಸಿಂದಗಿಗೆ ಹೋಗುವ ಹೆದ್ದಾರಿಯ ನೆಲೋಗಿ ಕ್ರಾಸ್ ಬಳಿ 2025ರ ಏಪ್ರಿಲ್ 5ರ ನಸುಕಿನಲ್ಲಿ, ನಿಂತಿದ್ದ ಲಾರಿಗೆ ಪ್ರಯಾಣಿಕರ ವಾಹನವೊಂದು ಹಿಂದಿನಿಂದ ಗುದ್ದಿ ಐವರು ತೀರಿಕೊಂಡರು. ಕತ್ತಲೆಯಲ್ಲಿ ರಸ್ತೆಯ ಮೇಲೆ ನಿಂತ ಗಾಡಿ ಓಡುವ ಗಾಡಿಯಷ್ಟೇ ಅಪಾಯಕಾರಿ. ಯಾರಿಗಾದರೂ ಅಪಾಯ, ಅಡಚಣೆ ಅಥವಾ ಅತಿಯಾದ ತೊಂದರೆ ಆಗುವಂಥ ಜಾಗದಲ್ಲಿ, ಅಂಥ ಸ್ಥಿತಿಯಲ್ಲಿ ವಾಹನವನ್ನು ನಿಲ್ಲಿಸಬಾರದು ಎಂದು ಕಾಯ್ದೆಯ ಕಲಂ 122 ಹೇಳುತ್ತದೆ. ಸಾರ್ವಜನಿಕ ರಸ್ತೆಯಲ್ಲಿ ಅಡಚಣೆ ಉಂಟುಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 285ರಡಿ 5,000 ರೂಪಾಯಿವರೆಗೆ ದಂಡವಿದೆ. ನಿರ್ಲಕ್ಷ್ಯದಿಂದ ಜೀವ ಹೋಯಿತೆಂದು ಸಾಬೀತಾದರೆ ಅದೇ ಸಂಹಿತೆಯ ಕಲಂ 106ರಡಿ ಐದು ವರ್ಷದವರೆಗೆ ಸೆರೆವಾಸ. ಗಾಡಿ ಕೆಟ್ಟು ನಿಲ್ಲುವುದು ತಪ್ಪಲ್ಲ. ಕೆಟ್ಟ ಗಾಡಿಯನ್ನು ಬದಿಗೆ ತಳ್ಳದೆ, ನಾಲ್ಕೂ ಸಿಗ್ನಲ್ ದೀಪ ಹಾಕದೆ, ಡಿಕ್ಕಿಯಲ್ಲಿರುವ ಕೆಂಪು ತ್ರಿಕೋನವನ್ನು ಹಿಂದೆ ದೂರದಲ್ಲಿ ಇಡದೆ ಮೆಕ್ಯಾನಿಕ್‌ಗೆ ಫೋನ್ ಮಾಡುತ್ತ ಕೂರುವುದು ತಪ್ಪು. ರಾಷ್ಟ್ರೀಯ ಹೆದ್ದಾರಿಯಲ್ಲಿ ನೆರವಿಗೆ 1033 ಸಂಖ್ಯೆಗೆ ಕರೆ ಮಾಡಬಹುದು.

ಹ್ಯಾಂಡ್‌ಬ್ರೇಕ್ ಹಾಕದೆ ಇಳಿದು, ಕಾರು ತಾನಾಗಿ ಉರುಳಿ ಎದುರಿನ ಅಂಗಡಿಗೆ ನುಗ್ಗುವುದು ನೋಡಿದವರಿಗೆ ನಗು ತರಿಸಬಹುದು. ಕಾನೂನಿನಲ್ಲಿ ಅದಕ್ಕೂ ಒಂದು ಕಲಂ ಇದೆ. ಲೈಸೆನ್ಸ್ ಇರುವ ಚಾಲಕ ಸೀಟಿನಲ್ಲಿರಬೇಕು, ಇಲ್ಲವೇ ಎಂಜಿನ್ ನಿಲ್ಲಿಸಿ ಬ್ರೇಕ್ ಹಾಕಿ ಗಾಡಿ ಅಕಸ್ಮಾತ್ ಚಲಿಸದಂತೆ ಮಾಡಿರಬೇಕು ಎನ್ನುತ್ತದೆ ಕಲಂ 126. ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಗಾಡಿ ಓಡಿಸುವ ಅಕ್ಕರೆಗೂ ಹಿಂದಿನ ಕಲಂ 125ರಲ್ಲಿ ತಡೆಯಿದೆ: ಚಾಲಕನ ಹಿಡಿತಕ್ಕೆ ಅಡ್ಡಿಯಾಗುವಂತೆ ಯಾರನ್ನೂ ಕೂರಿಸುವಂತಿಲ್ಲ, ಏನನ್ನೂ ಇಡುವಂತಿಲ್ಲ.

ಚಾವಿ ಗಾಡಿಯಲ್ಲೇ ಬಿಟ್ಟು ಹೋದಾಗ ಕಾರು ಕಳವಾದರೆ, ಮಾಲೀಕ ಸಾಮಾನ್ಯವಾಗಿ ಎರಡು ತಪ್ಪು ಮಾಡುತ್ತಾನೆ. ನಾಚಿಕೆಯಿಂದ ದೂರು ಕೊಡಲು ತಡಮಾಡುತ್ತಾನೆ. ಕೊಡುವಾಗ ಚಾವಿ ಜೇಬಿನಲ್ಲಿತ್ತು ಎಂದು ಬರೆಸುತ್ತಾನೆ. ಎರಡನೆಯದು ಹೆಚ್ಚು ಕೆಟ್ಟದ್ದು. ವಿಮಾ ಕಂಪನಿ ಎರಡೂ ಚಾವಿ ಕೇಳುತ್ತದೆ, ತನಿಖೆಗಾರನನ್ನು ಕಳಿಸುತ್ತದೆ, ಸುಳ್ಳು ಹೊರಬಿದ್ದರೆ ಪರಿಹಾರದ ಬಾಗಿಲೇ ಮುಚ್ಚಿಕೊಳ್ಳಬಹುದು. ನಿಜ ಹೇಳಿದವರಿಗೆ ದಾರಿ ಉಂಟು. ಚಾವಿ ಬಿಟ್ಟ ಲಾರಿಯೊಂದು ಕಳವಾದ ಪ್ರಕರಣದಲ್ಲಿ, ಅಶೋಕ್ ಕುಮಾರ್ ವಿರುದ್ಧ ನ್ಯೂ ಇಂಡಿಯಾ ಅಶ್ಯೂರೆನ್ಸ್ ದಾವೆಯಲ್ಲಿ, ಸುಪ್ರೀಂ ಕೋರ್ಟ್ 2023ರಲ್ಲಿ ಪರಿಹಾರವನ್ನು ಪೂರ್ತಿ ನಿರಾಕರಿಸದೆ ವಿಮಾ ಮೊತ್ತದ ಶೇ 75ರಷ್ಟನ್ನು ಕೊಡಿಸಿತು. ಪೊಲೀಸರಿಗೆ ಕೂಡಲೇ ದೂರು ಕೊಟ್ಟಿದ್ದರೆ, ಕಂಪನಿಗೆ ತಿಳಿಸಲು ತಡವಾಯಿತು ಎಂಬ ಒಂದೇ ನೆಪದಲ್ಲಿ ಕ್ಲೇಮ್ ತಳ್ಳಿಹಾಕುವಂತಿಲ್ಲ ಎಂದು ಗುರ್‌ಶಿಂದರ್ ಸಿಂಗ್ ಪ್ರಕರಣದಲ್ಲಿ 2020ರಲ್ಲೇ ಅದು ಹೇಳಿತ್ತು.

ದೂರಿಗೆ ನೆಲೋಗಿಯಲ್ಲೇ ಪೊಲೀಸ್ ಠಾಣೆ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರ ಪ್ರಕಾರ, ಕಳವು ಬೇರೆ ಠಾಣೆಯ ಹದ್ದಿನಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ದಾಖಲಿಸಬಹುದು. ಎಫ್‌ಐಆರ್ ಪ್ರತಿಯನ್ನು ದೂರುದಾರನಿಗೆ ಪುಕ್ಕಟೆ ಕೊಡಬೇಕು. ದಾಖಲಿಸಲು ಒಪ್ಪದಿದ್ದರೆ ದೂರಿನ ಸಾರವನ್ನು ಬರೆದು ಕಲಬುರಗಿಯ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಕಳಿಸಬಹುದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ಗಾಡಿ ಪತ್ತೆಯಾಗದಿದ್ದಾಗ ಪೊಲೀಸರು ಕೋರ್ಟಿಗೆ ಸಲ್ಲಿಸುವ ಸಿ ರಿಪೋರ್ಟಿನ ಪ್ರತಿ ವಿಮಾ ಕಂಪನಿಗೆ ಬೇಕಾಗುತ್ತದೆ. ಅದನ್ನು ಕೇಳಿ ಪಡೆಯಬೇಕು.

ಚಾವಿ ಒಳಗೆ ಉಳಿದು ಬಾಗಿಲು ಲಾಕ್ ಆಗುವುದು ಬರೀ ಫಜೀತಿ. ಒಳಗೆ ಮಗು ಇದ್ದರೆ ಮಾತು ಬೇರೆ. ಏಪ್ರಿಲ್, ಮೇ ತಿಂಗಳಲ್ಲಿ ಈ ಸೀಮೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಮುಚ್ಚಿದ ಕಾರಿನೊಳಗಿನ ಬಿಸಿ ನಿಮಿಷಗಳಲ್ಲಿ ಅದಕ್ಕಿಂತ ಬಹಳ ಮೇಲೇರುತ್ತದೆ. ಆಗ ಮಾಲೀಕನನ್ನು ಹುಡುಕುತ್ತ ಕಾಲ ಕಳೆಯಬೇಕಿಲ್ಲ. 112ಕ್ಕೆ ಕರೆ ಮಾಡಿ, ಮಗುವಿನಿಂದ ದೂರದ ಗಾಜು ಒಡೆದು ಹೊರತೆಗೆಯಬಹುದು. ದೊಡ್ಡ ಹಾನಿ ತಪ್ಪಿಸಲು ಸದ್ಭಾವನೆಯಿಂದ ಮಾಡಿದ ಸಣ್ಣ ಹಾನಿ ಅಪರಾಧವಲ್ಲ ಎಂದು ನ್ಯಾಯ ಸಂಹಿತೆಯ ಕಲಂ 19 ಗಾಜು ಒಡೆದವರನ್ನು ಕಾಯುತ್ತದೆ. ಬೇಕೆಂದೇ ಮಗುವನ್ನು ಹಾಗೆ ಬಿಟ್ಟು ಹೋದವರ ಮೇಲೆ ಬಾಲನ್ಯಾಯ ಕಾಯ್ದೆಯ ಕಲಂ 75ರಡಿ ಕೇಸು ಆಗಬಹುದು.

ಎಲ್ಲಕ್ಕಿಂತ ಹೆಚ್ಚು ಮನೆಗಳನ್ನು ಕಷ್ಟಕ್ಕೆ ದೂಡುವ ತಪ್ಪು ಮಾತ್ರ ಕಾಗದದ್ದು. ಕಾರು ಮಾರಿ, ರೊಕ್ಕ ಎಣಿಸಿಕೊಂಡು, ಹಾಳೆಯ ಮೇಲೆ ಸಹಿ ಹಾಕಿಕೊಟ್ಟು ವ್ಯವಹಾರ ಮುಗಿಯಿತು ಎಂದುಕೊಳ್ಳುವವರು ಬಹಳ. ಕೊಂಡವನು ಮತ್ತೊಬ್ಬನಿಗೆ ಮಾರುತ್ತಾನೆ, ಅವನು ಇನ್ನೊಬ್ಬನಿಗೆ. ಆರ್‌ಟಿಒ ದಾಖಲೆಯಲ್ಲಿ ಮೊದಲಿನವನ ಹೆಸರೇ ಇರುತ್ತದೆ. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಹೀಗೆಯೇ ಕೈಯಿಂದ ಕೈಗೆ ದಾಟಿದ ಕಾರು ಅಪಘಾತ ಮಾಡಿತ್ತು. ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಕಾನೂನಿನ ಕಣ್ಣಿಗೆ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಎಂದು 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ವಿಮೆ ಇಲ್ಲದ ಗಾಡಿಯಾದರೆ ಆ ಹಣ ಹೊಲ ಮಾರಿ ಕಟ್ಟುವಷ್ಟು ದೊಡ್ಡದಾಗಬಹುದು.

ತಪ್ಪಿಸಿಕೊಳ್ಳುವ ವಿಧಾನ ಕಷ್ಟದ್ದಲ್ಲ. ಕಾಯ್ದೆಯ ಕಲಂ 50ರ ಪ್ರಕಾರ, ಗಾಡಿ ರಾಜ್ಯದೊಳಗೆ ಮಾರಾಟವಾದರೆ ಮಾರಿದವರು 14 ದಿನದೊಳಗೆ ನಮೂನೆ 29ರಲ್ಲಿ ತಿಳಿಸಬೇಕು. ಕೊಂಡವರು 30 ದಿನದೊಳಗೆ ನಮೂನೆ 30ರಲ್ಲಿ ಅರ್ಜಿ ಹಾಕಬೇಕು. ಪರಿವಾಹನ್ ಜಾಲತಾಣದಲ್ಲೂ ಇದಕ್ಕೆ ವ್ಯವಸ್ಥೆ ಇದೆ. ಸಾಲದ ಗಾಡಿಯಾದರೆ ಬ್ಯಾಂಕಿನ ಪತ್ರದೊಂದಿಗೆ ನಮೂನೆ 35 ಸಲ್ಲಿಸಿ ಆರ್‌ಸಿಯಿಂದ ಸಾಲದ ನಮೂದು ತೆಗೆಸಬೇಕು. ವಿಮೆಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಕೊಂಡವರಿಗೆ ಇರುವ ಅವಧಿ 14 ದಿನ. ಹಳೆ ಗಾಡಿ ವ್ಯಾಪಾರಿಗೆ ಕೊಡುವವರು ಆತ ಆರ್‌ಟಿಒ ಅಧಿಕಾರಪತ್ರ ಪಡೆದವನೇ ಎಂದು ನೋಡಬೇಕು. 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮದಂತೆ, ನಮೂನೆ 29ಸಿ ಸಲ್ಲಿಸಿ ಗಾಡಿ ಒಪ್ಪಿಸಿದ ಮೇಲೆ ಅಂಥ ವ್ಯಾಪಾರಿಯನ್ನೇ ಮಾಲೀಕನೆಂದು ಭಾವಿಸಲಾಗುತ್ತದೆ. ತಂದೆ ತೀರಿಕೊಂಡ ಮೇಲೂ ಅವರ ಹೆಸರಿನಲ್ಲೇ ಕಾರು ಓಡಿಸುವ ಮನೆಗಳೂ ಉಂಟು. ವಾರಸುದಾರರು 30 ದಿನದೊಳಗೆ ಆರ್‌ಟಿಒಗೆ ತಿಳಿಸಿ, ಮೂರು ತಿಂಗಳೊಳಗೆ ನಮೂನೆ 31ರಲ್ಲಿ ವರ್ಗಾವಣೆಗೆ ಅರ್ಜಿ ಹಾಕಬೇಕು. ಇದನ್ನು ಮಾಡದವರಿಗೆ ಇನ್ನೊಂದು ನಷ್ಟವೂ ಇದೆ: ಮಾಲೀಕ-ಚಾಲಕನಿಗೆಂದು ಇರುವ 15 ಲಕ್ಷ ರೂಪಾಯಿಯ ಅಪಘಾತ ವಿಮೆ ಆರ್‌ಸಿಯಲ್ಲಿ ಹೆಸರಿರುವ ಮಾಲೀಕರಿಗಷ್ಟೇ.

ಅಫಜಲಪುರ, ಆಳಂದ ಕಡೆಯವರಿಗೆ ಸೊಲ್ಲಾಪುರ ಹತ್ತಿರ. ಅಲ್ಲಿ ಕಡಿಮೆ ಬೆಲೆಗೆ ಸಿಕ್ಕಿತೆಂದು ತಂದ ಎಂಎಚ್ 13 ಕಾರುಗಳು ವರ್ಷಗಟ್ಟಲೆ ಅದೇ ನಂಬರಿನಲ್ಲಿ ಓಡುತ್ತವೆ. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಂಡರೆ ಕಲಂ 47ರಂತೆ ಹೊಸ ನೋಂದಣಿ ಕಡ್ಡಾಯ. ಕಲಬುರಗಿಯ ಕೆಎ 32 ಸಂಖ್ಯೆ ಪಡೆಯಲು ಸೊಲ್ಲಾಪುರದ ಆರ್‌ಟಿಒ ಕೊಡುವ ನಿರಾಕ್ಷೇಪಣ ಪತ್ರ, ಅಂದರೆ ನಮೂನೆ 28 ಬೇಕು. ಇಲ್ಲಿನ ತೆರಿಗೆ ಕಟ್ಟಬೇಕು. ಆ ಪತ್ರ ಕೈಗೆ ಬರುವ ಮುನ್ನ ಪೂರ್ತಿ ಹಣ ಕೊಡುವವರು ಆಮೇಲೆ ಮಾರಿದವನ ಮನೆಗೆ ಅಲೆಯಬೇಕಾಗುತ್ತದೆ.

ಮಗನ ಕೈಗೆ ಚಾವಿ ಕೊಡುವ ತಂದೆಗೆ 2019ರ ತಿದ್ದುಪಡಿ ಅತ್ಯಂತ ಕಠಿಣವಾಗಿದೆ, ಕಠಿಣವಾಗಿರಬೇಕಾದದ್ದೇ ಸರಿ. ಕಾರು ಓಡಿಸಲು 18 ತುಂಬಿರಬೇಕು. ಅದಕ್ಕಿಂತ ಚಿಕ್ಕವರು ಗಾಡಿ ಓಡಿಸಿ ಅಪರಾಧವಾದರೆ ಕಲಂ 199ಎ ಪ್ರಕಾರ ಪೋಷಕರು ಅಥವಾ ಮಾಲೀಕರೇ ತಪ್ಪಿತಸ್ಥರೆಂದು ಭಾವಿಸಲಾಗುತ್ತದೆ: ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು, ಆ ಹುಡುಗನಿಗೆ 25 ವರ್ಷ ಆಗುವವರೆಗೆ ಲೈಸೆನ್ಸ್ ಇಲ್ಲ. ತನಗೆ ಗೊತ್ತಿಲ್ಲದೆ ಒಯ್ದ, ತಡೆಯಲು ತಕ್ಕ ಎಚ್ಚರಿಕೆ ವಹಿಸಿದ್ದೆ ಎಂದು ತೋರಿಸುವ ಅವಕಾಶ ಉಂಟು, ಆದರೆ ಅದನ್ನು ಸಾಬೀತು ಮಾಡಬೇಕಾದವರು ಪೋಷಕರು. ವಯಸ್ಸಾಗಿದ್ದೂ ಲೈಸೆನ್ಸ್ ಇಲ್ಲದ ಗೆಳೆಯನಿಗೆ ಕಾರು ಕೊಟ್ಟರೆ ಓಡಿಸಿದವನಿಗೂ ಕೊಟ್ಟವನಿಗೂ ದಂಡ. ಅಪಘಾತವಾದರೆ ಗಾಯಾಳುವಿಗೆ ವಿಮಾ ಕಂಪನಿ ಹಣ ಕೊಟ್ಟು, ಆಮೇಲೆ ಅದನ್ನು ಮಾಲೀಕನಿಂದ ವಸೂಲಿ ಮಾಡಬಹುದು. 2004ರ ಸ್ವರಣ್ ಸಿಂಗ್ ತೀರ್ಪಿನಿಂದ ಈ ಪದ್ಧತಿ ಗಟ್ಟಿಯಾಗಿದೆ. ಕಡ ತಂದ ಗಾಡಿಯವರಿಗೂ ಒಂದು ಮಾತು. ಇಳಕಲ್ಲಿನಿಂದ ಊರಿಗೆ ಕಡದ ಬೈಕಿನಲ್ಲಿ ಹೊರಟು ಎತ್ತಿನ ಗಾಡಿಗೆ ಬಡಿದು ತೀರಿಕೊಂಡವರೊಬ್ಬರ ಪ್ರಕರಣ ನಿಂಗಮ್ಮ ತೀರ್ಪು ಎಂದು ಹೆಸರಾಗಿದೆ. ಗಾಡಿ ಕಡ ಪಡೆದವನು ಮಾಲೀಕನ ಜಾಗದಲ್ಲೇ ನಿಲ್ಲುತ್ತಾನೆ, ಆದ್ದರಿಂದ ಅವನ ವಾರಸುದಾರರಿಗೆ ಆಗ ಜಾರಿಯಲ್ಲಿದ್ದ ಕಲಂ 163ಎ ಅಡಿ ಪರಿಹಾರ ಸಿಗದು ಎಂದು 2009ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಹುಣ್ಣಿಮೆಗೆ ದೇವಲ ಗಾಣಗಾಪುರಕ್ಕೆ, ಅಮಾವಾಸ್ಯೆಗೆ ಘತ್ತರಗಿಗೆ ಬಿಳಿ ಬೋರ್ಡಿನ ಕ್ರೂಸರ್, ಕಾರುಗಳನ್ನು ಬಾಡಿಗೆಗೆ ಬಿಡುವುದು ಈ ಭಾಗದಲ್ಲಿ ತಪ್ಪೆಂದು ಅನ್ನಿಸದಷ್ಟು ರೂಢಿಯಾಗಿದೆ. ಪರ್ಮಿಟ್ ಇಲ್ಲದೆ ಬಾಡಿಗೆ ಓಡಿಸಿದರೆ ಕಲಂ 192ಎ ಅಡಿ 10,000 ರೂಪಾಯಿ ದಂಡ ಮತ್ತು ಆರು ತಿಂಗಳವರೆಗೆ ಸೆರೆವಾಸಕ್ಕೆ ಅವಕಾಶವಿದೆ. ಖಾಸಗಿ ಬಳಕೆಗೆಂದು ಮಾಡಿಸಿದ ವಿಮೆಯೂ ಆ ಹೊತ್ತಿಗೆ ಕೈಕೊಡಬಹುದು. ಬಾಡಿಗೆಗೆ ಹತ್ತುವವರು ಹಳದಿ ಬೋರ್ಡ್ ಇದೆಯೇ ಎಂದು ನೋಡುವುದು ತಮ್ಮ ಮನೆಯವರ ಹಿತಕ್ಕೇ.

ಡೀಸೆಲ್ ಗಾಡಿಗೆ ಪೆಟ್ರೋಲ್ ಬಿದ್ದರೆ ಎಂಜಿನ್ ಚಾಲೂ ಮಾಡಲೇಬಾರದು. ಮಾಲೀಕನೇ ತಪ್ಪಾಗಿ ಹೇಳಿದ್ದರೆ ಖರ್ಚು ಅವನದು. ಡೀಸೆಲ್ ಎಂದು ಹೇಳಿಯೂ ಬಂಕಿನವರು ಪೆಟ್ರೋಲ್ ಹಾಕಿದ್ದರೆ ಅದು ಸೇವಾ ನ್ಯೂನತೆ. ಬಿಲ್ಲು, ಗ್ಯಾರೇಜಿನ ವರದಿ ಇಟ್ಟುಕೊಂಡು ಎರಡು ವರ್ಷದೊಳಗೆ ಕಲಬುರಗಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ವಕೀಲರು ಕಡ್ಡಾಯವಲ್ಲ. ವಿಮಾ ಕಂಪನಿ ಅನ್ಯಾಯವಾಗಿ ಕ್ಲೇಮ್ ತಳ್ಳಿದರೂ ಇದೇ ಆಯೋಗ, ಇಲ್ಲವೇ ಹಣ ಕಟ್ಟದೆ ದೂರು ಕೊಡಬಹುದಾದ ವಿಮಾ ಒಂಬುಡ್ಸ್‌ಮನ್.

ಅಪಘಾತವಾದ ಮೇಲೆ ನಾಚಿಕೆ ಮತ್ತು ಭಯ ಸೇರಿ ಮಾಡಿಸುವ ತಪ್ಪು ಎಲ್ಲಕ್ಕಿಂತ ದೊಡ್ಡದು. ಓಡಿಸಿದವನಿಗೆ ಲೈಸೆನ್ಸ್ ಇರಲಿಲ್ಲವೆಂದು ಅಣ್ಣನ ಹೆಸರನ್ನೋ ಡ್ರೈವರ್ ಹೆಸರನ್ನೋ ಬರೆಸುತ್ತಾರೆ. ಅಪರಾಧಿಯನ್ನು ಮರೆಮಾಚಲು ಸುಳ್ಳು ಮಾಹಿತಿ ಕೊಡುವುದು ನ್ಯಾಯ ಸಂಹಿತೆಯ ಕಲಂ 238ರಡಿ ಬೇರೆಯೇ ಅಪರಾಧ. ಹೆಸರು ಕೊಟ್ಟ ಅಣ್ಣ ಕೋರ್ಟಿಗೆ ಅಲೆಯುತ್ತಾನೆ, ಕ್ಲೇಮೂ ಕೈತಪ್ಪುತ್ತದೆ. ಮೋಟಾರು ವಾಹನ ಕಾಯ್ದೆಯ ಕಲಂ 134 ಚಾಲಕನಿಂದ ಬಯಸುವುದು ಮೂರೇ ಕೆಲಸ: ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು, ಪೊಲೀಸರಿಗೆ ತಿಳಿಸುವುದು, ವಿಮಾ ಕಂಪನಿಗೆ ಬರೆದು ತಿಳಿಸುವುದು. ಗುಂಪಿನ ಸಿಟ್ಟಿನಿಂದ ಅಲ್ಲಿ ನಿಲ್ಲಲಾಗದಿದ್ದರೆ ಠಾಣೆಗೆ ಹೋಗಬಹುದು, ಓಡಿಹೋಗುವಂತಿಲ್ಲ. ಗಾಯಾಳುವನ್ನು ಆಸ್ಪತ್ರೆಗೆ ಒಯ್ದ ದಾರಿಹೋಕರಿಗೆ ಕಲಂ 134ಎ ರಕ್ಷಣೆ ಕೊಡುತ್ತದೆ. ಅವರನ್ನು ಹೆಸರು ಹೇಳುವಂತೆ ಒತ್ತಾಯಿಸುವಂತಿಲ್ಲ. 2025ರ ಮೇ ತಿಂಗಳಲ್ಲಿ ಜಾರಿಯಾದ ಕೇಂದ್ರದ ಯೋಜನೆಯಂತೆ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ, 1.5 ಲಕ್ಷ ರೂಪಾಯಿವರೆಗೆ ಗಾಯಾಳು ನಗದು ಕಟ್ಟದೆ ಚಿಕಿತ್ಸೆ ಪಡೆಯಬಹುದು. ಗುದ್ದಿದ ಗಾಡಿ ಪತ್ತೆಯಾಗದಿದ್ದರೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಪರಿಹಾರವಿದೆ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಲು ಕಾಯ್ದೆ ಹೇಳುವ ಅವಧಿ ಆರು ತಿಂಗಳು, ಅದರೊಳಗೇ ಹಾಕುವುದು ಕ್ಷೇಮ.

ಪೊಲೀಸರು ವಶಪಡಿಸಿಕೊಂಡ ಕಾರು ಠಾಣೆಯ ಅಂಗಳದಲ್ಲಿ ತುಕ್ಕು ಹಿಡಿಯಬೇಕಿಲ್ಲ. ವಾಹನಗಳನ್ನು ಠಾಣೆಗಳಲ್ಲಿ ಬಹುಕಾಲ ಇಡಬಾರದೆಂದು 2002ರ ಸುಂದರಭಾಯಿ ಅಂಬಾಲಾಲ್ ದೇಸಾಯಿ ತೀರ್ಪು ಹೇಳಿದೆ. ಆರ್‌ಸಿ, ವಿಮೆ ಮತ್ತು ಗುರುತಿನ ದಾಖಲೆಗಳೊಂದಿಗೆ ಸುರಕ್ಷಾ ಸಂಹಿತೆಯ ಕಲಂ 497 ಅಥವಾ 503ರಡಿ ಜೇವರ್ಗಿಯ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಅರ್ಜಿ ಹಾಕಿದರೆ, ಬಾಂಡ್ ಬರೆಸಿಕೊಂಡು ಗಾಡಿಯನ್ನು ಮಧ್ಯಂತರವಾಗಿ ಬಿಡುಗಡೆ ಮಾಡುತ್ತಾರೆ. ಆರ್‌ಸಿ ತನ್ನ ಹೆಸರಿಗೆ ಮಾಡಿಸಿಕೊಳ್ಳದವರು ಇಲ್ಲಿಯೂ ಪೇಚಾಡುತ್ತಾರೆ. ವಕೀಲರಿಗೆ ಕೊಡಲು ಹಣವಿಲ್ಲದ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಹಾಗೂ ಆದಾಯ ಮಿತಿಯೊಳಗಿನ ಎಲ್ಲರಿಗೂ ತಾಲ್ಲೂಕು ಕಾನೂನು ಸೇವಾ ಸಮಿತಿ ಉಚಿತವಾಗಿ ವಕೀಲರನ್ನು ಒದಗಿಸುತ್ತದೆ. ಅದಕ್ಕೆ ಕೋರ್ಟಿನ ಆವರಣದಲ್ಲಿ ವಿಚಾರಿಸಬಹುದು ಇಲ್ಲವೇ 15100ಕ್ಕೆ ಕರೆ ಮಾಡಬಹುದು.