ಮನೆಯಲ್ಲಿ ಕಟ್ಟಿದ ವಿಮಾನ ಮುರಿಯುವುದೆಲ್ಲಿ?

ಹಕ್ಕಿಯಂತೆ ಹಾರಬೇಕೆಂಬ ಹಂಬಲ ಮನುಷ್ಯನಿಗೆ ಇಂದು ನಿನ್ನೆ ಹುಟ್ಟಿದುದಲ್ಲ. ಬೀದರ ಸೀಮೆಯ ಹುಡುಗರಲ್ಲಂತೂ ಈ ಹಂಬಲ ತುಸು ಹೆಚ್ಚೆಂದೇ ಹೇಳಬೇಕು. ಬೀದರಿನಲ್ಲಿ ಭಾರತೀಯ ವಾಯುಪಡೆಯ ತರಬೇತಿ ನೆಲೆಯಿದೆ. ಅಲ್ಲಿಂದ ಏಳುವ ಹಾಕ್ ವಿಮಾನಗಳ ಸದ್ದು ಕೇಳಿದೊಡನೆ ಮನ್ನಳ್ಳಿಯ ಹೊಲದಲ್ಲಿ ಕಳೆ ಕೀಳುತ್ತಿರುವವರೂ ಒಮ್ಮೆ ತಲೆಯೆತ್ತಿ ನೋಡುತ್ತಾರೆ. ನಾನೂ ಹಾಗೆ ನೋಡುತ್ತಲೇ ಬೆಳೆದವನು.

ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ಇತಿಹಾಸವನ್ನೂ ಅರ್ಥಶಾಸ್ತ್ರವನ್ನೂ ಓದುತ್ತಿರುವವನು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನನ್ನ ತಂದೆ ಬಡಿಗರು. ಎತ್ತಿನ ಗಾಡಿ ಮಾಡಿ ಹೆಸರಾದವರು. ಇಂಥವನು ವಿಮಾನದ ಮಾತನ್ನೆತ್ತಿಕೊಂಡುದಕ್ಕೆ ಒಂದು ಕಾರಣವುಂಟು. ಬೆಸುಗೆಯ ಅಂಗಡಿಯಲ್ಲಿ ಕೆಲಸ ಮಾಡುವ ನನ್ನ ಸೋದರಮಾವನ ಮಗ, ಕಳೆದ ವರ್ಷ ತನ್ನ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಒಬ್ಬನೇ ಕೂತು ಹಾರುವಂಥ ಒಂದು ಸಣ್ಣ ವಿಮಾನವನ್ನು ಕಟ್ಟತೊಡಗಿದನು. ಕಬ್ಬಿಣದ ಕೊಳವೆಗಳು, ಮೋಟಾರು ಸೈಕಲ್ಲಿನ ಎಂಜಿನ್, ಮೊಬೈಲಿನಲ್ಲಿ ನೋಡಿದ ಚಿತ್ರಗಳು - ಇವಿಷ್ಟೇ ಅವನ ಬಂಡವಾಳ. ಊರಿನವರು ಬೆನ್ನು ತಟ್ಟಿದರು. ನಾನೂ ತಟ್ಟಿದೆ.

ಆಮೇಲೆ ಒಂದು ಸುದ್ದಿ ನನ್ನ ಕಣ್ಣಿಗೆ ಬಿತ್ತು. ಮಹಾರಾಷ್ಟ್ರದ ಯವತಮಾಳ ಜಿಲ್ಲೆಯ ಫುಲಸಾವಂಗಿ ಎಂಬ ಊರಿನಲ್ಲಿ, ಬೆಸುಗೆಯ ಕೆಲಸ ಬಲ್ಲ ಒಬ್ಬ ತರುಣನು ತಾನೇ ಒಂದು ಹೆಲಿಕಾಪ್ಟರನ್ನು ಕಟ್ಟಿದ್ದನು. 2021ರ ಆಗಸ್ಟ್ ತಿಂಗಳಲ್ಲಿ ಅದನ್ನು ನೆಲದ ಮೇಲೆಯೇ ಓಡಿಸಿ ಪರೀಕ್ಷಿಸುತ್ತಿರುವಾಗ ಬಾಲದ ಪಂಕದ ಎಲೆ ಮುರಿದು ಮೇಲಿನ ದೊಡ್ಡ ಪಂಕಕ್ಕೆ ಬಡಿಯಿತು. ಆ ಪಂಕ ಅವನಿಗೆ ತಾಗಿತು. ಯಂತ್ರ ನೆಲ ಬಿಟ್ಟು ಏಳುವ ಮೊದಲೇ ಅವನ ಪ್ರಾಣ ಹೋಯಿತು. ಓದಿದಾಗ ನನಗೆ ನೆನಪಾದುದು ನಮ್ಮ ಕೊಟ್ಟಿಗೆ. ಅಂದಿನಿಂದ ನಾನು ಈ ವಿಷಯವನ್ನು ಓದತೊಡಗಿದೆ. ತಿಳಿಯದ ಕಡೆ ನಮ್ಮೂರ ಪ್ರೌಢಶಾಲೆಯ ವಿಜ್ಞಾನದ ಗುರುಗಳು ತಿಳಿಸಿಕೊಟ್ಟರು. ಹಾಗೆ ತಿಳಿದುದನ್ನು ಸಹಪಾಠಿಗಳ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಹವ್ಯಾಸಿಗಳು ವಿಮಾನ ಕಟ್ಟುವುದು ಹುಚ್ಚುತನವೇನೂ ಅಲ್ಲ. ಅಮೆರಿಕದಲ್ಲಿ ಇದು ಕಾನೂನು ಒಪ್ಪಿದ ಕೆಲಸ. ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಿಯೇ ಕಲಿಕೆಗಾಗಿ ಇಲ್ಲವೆ ಸಂತೋಷಕ್ಕಾಗಿ ಮಾಡಿರಬೇಕೆಂಬುದು ಅಲ್ಲಿಯ ನಿಯಮ. ಅಂಥವರ ಸಂಘವೊಂದು 1953ರಲ್ಲಿಯೇ ಅಲ್ಲಿ ಹುಟ್ಟಿತು. ನಮ್ಮ ಬೆಂಗಳೂರಿನ ರಾಜಹಂಸ ಅಲ್ಟ್ರಾಲೈಟ್ಸ್ ಎಂಬ ಸಂಸ್ಥೆ ತಯಾರಿಸಿದ ಎಕ್ಸ್-ಏರ್ ವಿಮಾನದ ಬಿಡಿಭಾಗಗಳು ಪೆಟ್ಟಿಗೆಗಳಲ್ಲಿ ಕಡಲು ದಾಟಿ ಹೋಗಿ, ಇಂಗ್ಲೆಂಡಿನಂಥ ದೇಶಗಳಲ್ಲಿ ಹವ್ಯಾಸಿಗಳ ಕೈಯಲ್ಲಿ ಜೋಡಣೆಗೊಂಡು ಹಾರಿವೆ. ಮುಂಬಯಿಯಲ್ಲಿ ಅಮೋಲ್ ಯಾದವ್ ಎಂಬ ವಿಮಾನ ಚಾಲಕರು ತಮ್ಮ ಮನೆಯ ಮಾಳಿಗೆಯ ಮೇಲೆ ಕಟ್ಟಿದ ವಿಮಾನ 2017ರಲ್ಲಿ ನೋಂದಣಿಯಾಯಿತು. ಹಾರಿಸಲು ಅನುಮತಿ ದೊರೆತುದು 2019ರಲ್ಲಿ. ಆದುದರಿಂದ ಕಟ್ಟಬಹುದೇ ಎಂಬುದು ಪ್ರಶ್ನೆಯಲ್ಲ. ಕಟ್ಟಿದುದು ಎಲ್ಲಿ ಮುರಿಯುತ್ತದೆ, ಏಕೆ ಮುರಿಯುತ್ತದೆ ಎಂಬುದೇ ಪ್ರಶ್ನೆ.

ಮೊದಲನೆಯದು ಭಾರದ ಲೆಕ್ಕ. ಇಬ್ಬರು ಕೂರುವ ಹಗುರ ವಿಮಾನದ ಒಟ್ಟು ತೂಕ 450 ಕಿಲೋ ಎಂದಿಟ್ಟುಕೊಳ್ಳೋಣ. ರೆಕ್ಕೆಗಳು 450 ಕಿಲೋ ಹೊತ್ತರೆ ಸಾಕೆಂದು ಯಾರಿಗಾದರೂ ತೋರುತ್ತದೆ. ಆದರೆ ವಿಮಾನವು ಎತ್ತರ ಕಳೆದುಕೊಳ್ಳದೆ 60 ಡಿಗ್ರಿ ಓರೆಯಾಗಿ ತಿರುಗಿದಾಗ ರೆಕ್ಕೆಗಳ ಮೇಲಿನ ಭಾರ ಎರಡರಷ್ಟಾಗುತ್ತದೆ. ಗಾಳಿಯ ಹೊಡೆತ ಬಿದ್ದಾಗ, ಇಳಿಯುತ್ತಿದ್ದ ವಿಮಾನವನ್ನು ಥಟ್ಟನೆ ಮೇಲೆಳೆದಾಗ ಇನ್ನೂ ಹೆಚ್ಚುತ್ತದೆ. ಅದಕ್ಕಾಗಿ ಹಗುರ ವಿಮಾನಗಳನ್ನು ತೂಕದ ನಾಲ್ಕರಷ್ಟು ಭಾರಕ್ಕೆ ಲೆಕ್ಕ ಹಾಕಿ, ಅದರ ಮೇಲೆ ಒಂದೂವರೆಯಷ್ಟು ಭದ್ರತೆಯನ್ನಿಡುವ ಪದ್ಧತಿಯುಂಟು. ಎಂದರೆ 450 ಕಿಲೋ ತೂಕದ ವಿಮಾನದ ರೆಕ್ಕೆಗಳು 2,700 ಕಿಲೋ, ಅಂದರೆ 27 ಕ್ವಿಂಟಲ್ ಭಾರಕ್ಕೂ ಮುರಿಯಬಾರದು. ಖಾಲಿ ಗಾಡಿ ಅಂಗಳದಲ್ಲಿ ಗಟ್ಟಿಯಾಗಿ ನಿಂತಿತೆಂದು, ಹೇರು ತುಂಬಿಕೊಂಡು ಹಳ್ಳ ದಾಟುವಾಗ ಅದರ ಅಚ್ಚು ಉಳಿದೀತೆಂದು ಯಾವ ಒಕ್ಕಲಿಗನೂ ನಂಬುವುದಿಲ್ಲವಷ್ಟೆ.

ಎರಡನೆಯದು ವಸ್ತುವಿನ ಗುಣ. ರೆಕ್ಕೆಗೆ ಬೆನ್ನೆಲುಬಿನಂತಿರುವ ಉದ್ದನೆಯ ತೊಲೆಯನ್ನು ಕೆಲವರು ಮರದಲ್ಲಿ ಮಾಡುತ್ತಾರೆ. ಆ ಮರದ ನಾರು 15 ಅಂಗುಲ ಉದ್ದಕ್ಕೆ 1 ಅಂಗುಲಕ್ಕಿಂತ ಹೆಚ್ಚು ಓರೆ ಹೋಗಿರಬಾರದೆಂದು ನಿಯಮ. ಇದನ್ನು ನಾನು ಮನೆಯಲ್ಲಿ ಓದಿ ಹೇಳಿದಾಗ ನನ್ನ ತಂದೆ ನಕ್ಕು, “ಇದಕ್ ಪುಸ್ತಕ ಯಾಕ ಬೇಕೋ ತಮ್ಮಾ? ಓರೆ ನಾರಿನ ಕಟ್ಟಿಗಿ ನೊಗಕ್ಕ ಹಾಕಿದ್ರ ಎತ್ತೇ ಹೇಳ್ತದ” ಎಂದರು. ಉಕ್ಕಿನ ಕೊಳವೆಗೂ ಇಂಥ ಗುಣದೋಷಗಳುಂಟು. ಬೆಸುಗೆಯ ಬಿಸಿಗೆ ಪಕ್ಕದ ಲೋಹದ ಗುಣವೇ ಬದಲಾಗುತ್ತದೆ. ಮೇಲೆ ನುಣುಪಾಗಿ ಕಾಣುವ ಬೆಸುಗೆ ಒಳಗೆ ಹಿಡಿದಿರದೆ ಇರಬಹುದು. ರೆಕ್ಕೆಗೆ ಹೊದಿಸುವ ಪಾಲಿಯೆಸ್ಟರ್ ಬಟ್ಟೆ ಬಿಸಿಲಿಗೆ ವರ್ಷದಿಂದ ವರ್ಷಕ್ಕೆ ಸತ್ವ ಕಳೆದುಕೊಳ್ಳುತ್ತದೆ. ಬಣ್ಣ ಮಾಸದಿದ್ದರೂ ಬಟ್ಟೆ ಸತ್ತಿರಬಹುದು. ಆದುದರಿಂದಲೇ ಬಟ್ಟೆಗೆ ಸೂಜಿ ಚುಚ್ಚಿ, ಸ್ಪ್ರಿಂಗಿನಿಂದ ಎಳೆದು, ಎಷ್ಟು ಸೆಳೆತ ತಾಳುತ್ತದೆಂದು ಅಳೆಯುವ ಉಪಕರಣವನ್ನು ಬಳಸುತ್ತಾರೆ.

ಮೂರನೆಯದು ಎಲ್ಲಕ್ಕಿಂತ ಭಯಂಕರವಾದುದು. ಇದನ್ನು ಫ್ಲಟರ್ ಎನ್ನುತ್ತಾರೆ. ಗಾಳಿಗೆ ಪಟದ ಬಾಲ ಪಟಪಟನೆ ಬಡಿದುಕೊಳ್ಳುವುದನ್ನು ನಾವೆಲ್ಲ ಕಂಡಿದ್ದೇವೆ. ವಿಮಾನದ ವೇಗ ಒಂದು ಮಿತಿಯನ್ನು ದಾಟಿದಾಗ ರೆಕ್ಕೆಯೋ, ಅದರ ಹಿಂಬದಿಯಲ್ಲಿ ಕೀಲಿನ ಮೇಲಾಡುವ ಐಲೆರಾನ್ ಎಂಬ ಹಲಗೆಯೋ ಹಾಗೆಯೇ ನಡುಗತೊಡಗಬಹುದು. ಪ್ರತಿ ನಡುಕವೂ ಗಾಳಿಯಿಂದ ಮತ್ತಷ್ಟು ಬಲ ಪಡೆಯುತ್ತದೆ. ಕಣ್ಣುಮುಚ್ಚಿ ತೆರೆಯುವುದರೊಳಗೆ ರೆಕ್ಕೆ ಹರಿದುಹೋಗುತ್ತದೆ. ಐಲೆರಾನಿನ ಕೀಲಿಗಿಂತ ಮುಂದಕ್ಕೆ ಸರಿತೂಕದ ಸೀಸವನ್ನಿಡುವುದು, ಕೀಲುಗಳಲ್ಲಿ ಸಡಿಲವಿಲ್ಲದಂತೆ ನೋಡಿಕೊಳ್ಳುವುದು, ಗೊತ್ತುಪಡಿಸಿದ ವೇಗವನ್ನು ಮೀರದಿರುವುದು - ಇವೇ ಇದಕ್ಕೆ ಮದ್ದು.

ಸ್ಟೀವ್ ವಿಟ್‌ಮನ್ ಅಮೆರಿಕದ ಹವ್ಯಾಸಿ ನಿರ್ಮಾಪಕರಲ್ಲಿ ಗುರುಸ್ಥಾನದಲ್ಲಿದ್ದವರು. ತಾವೇ ವಿನ್ಯಾಸ ಮಾಡಿ, ತಾವೇ ಕಟ್ಟಿ, ತಾವೇ ಹಾರಿಸುತ್ತಿದ್ದರು. 1995ರ ಏಪ್ರಿಲ್ 27ರಂದು, ತಮ್ಮ ಇಳಿವಯಸ್ಸಿನಲ್ಲಿ, ಪತ್ನಿಯೊಡನೆ ತಾವು ಕಟ್ಟಿದ ವಿಮಾನದಲ್ಲಿ ಹೋಗುತ್ತಿರುವಾಗ ಅದು ಆಕಾಶದಲ್ಲಿಯೇ ಮುರಿದು ಇಬ್ಬರೂ ತೀರಿಕೊಂಡರು. ರೆಕ್ಕೆಯ ಮೇಲಿನ ಬಟ್ಟೆಯನ್ನು ಸರಿಯಾದ ಕ್ರಮದಲ್ಲಿ ಅಂಟಿಸಿರಲಿಲ್ಲ. ಅದು ಬಿಟ್ಟುಕೊಂಡುದರಿಂದ ಫ್ಲಟರ್ ಹುಟ್ಟಿತೆಂದು ತನಿಖೆ ಹೇಳಿತು. ಜೀವಮಾನದ ಅನುಭವವೂ ಒಂದು ಅಂಟಿನ ಕ್ರಮವನ್ನು ಬಿಟ್ಟುದಕ್ಕೆ ಬದಲಾಗಲಿಲ್ಲ.

ಕಟ್ಟುವವನ ಕೈ ತಪ್ಪದಿದ್ದರೂ ನಕ್ಷೆಯೇ ತಪ್ಪಿರುವುದುಂಟು. ಫ್ರಾನ್ಸಿನ ಆಂರಿ ಮಿನ್ಯೆ ಎಂಬವರು 1933ರಲ್ಲಿ ಹಾರಿಸಿದ ಪುಟ್ಟ ವಿಮಾನಕ್ಕೆ ‘ಆಕಾಶದ ಹೇನು’ ಎಂಬ ತಮಾಷೆಯ ಹೆಸರಿತ್ತು. ಯಾರು ಬೇಕಾದರೂ ಕಟ್ಟಬಹುದೆಂದು ಅವರು ಪುಸ್ತಕ ಬರೆದರು. ಯೂರೋಪಿನ ಎಷ್ಟೋ ಮನೆಗಳಲ್ಲಿ ಜನ ಕಟ್ಟತೊಡಗಿದರು. ಸಾವುಗಳಾದವು. ಇಂಗ್ಲೆಂಡ್ ಮತ್ತು ಫ್ರಾನ್ಸಿನ ದೊಡ್ಡ ಗಾಳಿಸುರಂಗಗಳಲ್ಲಿಟ್ಟು ಪರೀಕ್ಷಿಸಿದಾಗ, ಅದರ ಮೂತಿ ಒಂದು ಮಿತಿಯನ್ನು ಮೀರಿ ಕೆಳಗೆ ಬಾಗಿದರೆ ಮತ್ತೆ ಮೇಲೆತ್ತಲು ಸಾಧ್ಯವಾಗದೆಂದು ತಿಳಿಯಿತು. ನಕ್ಷೆಯನ್ನು ಚಾಚೂ ತಪ್ಪದೆ ಅನುಸರಿಸಿದವರೂ ಸತ್ತಿದ್ದರು. ಹತ್ತಿರದ ಕಾಲದಲ್ಲಿಯೂ, 2009ರಲ್ಲಿ, ಜೋಡಿಯಾಕ್ ಎಂಬ ಹಗುರ ವಿಮಾನಗಳು ಹಾರುತ್ತಿರುವಾಗಲೇ ಮುರಿದುದರಿಂದ ಅವುಗಳ ಹಾರಾಟ ನಿಲ್ಲಿಸಬೇಕೆಂದು ಅಮೆರಿಕದ ತನಿಖಾ ಮಂಡಳಿ ಸೂಚಿಸಿತು. ಆಮೇಲೆ ರೆಕ್ಕೆಯ ರಚನೆಯನ್ನು ಬಲಪಡಿಸಿ ಐಲೆರಾನಿಗೆ ಸರಿತೂಕವನ್ನು ಸೇರಿಸಬೇಕಾಯಿತು.

ನಕ್ಷೆ ಸರಿಯಿದ್ದು, ಕಟ್ಟುವವನು ಅದನ್ನು ಬದಲಿಸಿ ಅನರ್ಥವಾದುದೂ ಉಂಟು. ಬರ್ಟ್ ರುಟಾನರ ಲಾಂಗ್-ಇಜೆಡ್ ಹವ್ಯಾಸಿಗಳಿಗಾಗಿಯೇ ರಚಿತವಾದ ಒಳ್ಳೆಯ ವಿಮಾನ. ಬೆಂಗಳೂರಿನ ರಾಷ್ಟ್ರೀಯ ವಾಯುಯಾನ ಪ್ರಯೋಗಾಲಯವು 1980ರ ದಶಕದಲ್ಲಿ ಕಟ್ಟಿ ಹಾರಿಸಿದ ಸಂಶೋಧನಾ ವಿಮಾನಕ್ಕೂ ಇದೇ ಮಾದರಿ. ಗಾಯಕ ಜಾನ್ ಡೆನ್ವರ್ ಮತ್ತೊಬ್ಬರು ಕಟ್ಟಿದ್ದ ಒಂದು ಲಾಂಗ್-ಇಜೆಡ್‌ನ್ನು ಕೊಂಡಿದ್ದರು. ಕಟ್ಟಿದವನು ಇಂಧನದ ಟ್ಯಾಂಕು ಬದಲಿಸುವ ಹಿಡಿಯನ್ನು ನಕ್ಷೆಯಲ್ಲಿದ್ದ ಕಡೆ ಇಡದೆ ಚಾಲಕನ ಎಡ ಭುಜದ ಹಿಂದೆ ಇಟ್ಟಿದ್ದನು. 1997ರ ಅಕ್ಟೋಬರ್ 12ರಂದು ವಿಮಾನ ಕ್ಯಾಲಿಫೋರ್ನಿಯಾದ ಕಡಲಿಗೆ ಬಿದ್ದು ಡೆನ್ವರ್ ತೀರಿಕೊಂಡರು. ಇಂಧನ ಕಡಿಮೆಯಿದ್ದುದು ಒಂದು ಕಾರಣ. ಹಿಡಿಯನ್ನು ತಿರುಗಿಸಲು ಹಿಂದಕ್ಕೆ ಹೊರಳಿದಾಗ ಬಲಗಾಲು ಪೆಡಲನ್ನು ತುಳಿದುಬಿಡುವಂತಿದ್ದುದು ಇನ್ನೊಂದು. ಇಲ್ಲಿ ರೆಕ್ಕೆ ಮುರಿಯಲಿಲ್ಲ. ತನಗೆ ಸರಿಕಂಡ ಒಂದು ಬದಲಾವಣೆ ಪರರ ಪ್ರಾಣಕ್ಕೆ ಮುಳುವಾಯಿತು.

ಇವುಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ತೋರಿದುದು ಇಷ್ಟೆ. ಕಟ್ಟುವವನಿಗೆ ತನ್ನ ತಪ್ಪು ತನಗೆ ಕಾಣದು. ಅದನ್ನು ಕಾಣಲು ಮತ್ತೊಬ್ಬರ ಕಣ್ಣು ಬೇಕು, ನೆಲದ ಮೇಲಿನ ಪರೀಕ್ಷೆ ಬೇಕು. ಇಂಗ್ಲೆಂಡಿನಲ್ಲಿ ಹವ್ಯಾಸಿಗಳ ಸಂಘದ ಪರೀಕ್ಷಕರು ಕೆಲಸದ ಹಂತಹಂತವನ್ನೂ ನೋಡಿ ಸಹಿ ಹಾಕುತ್ತಾರೆ. ಬಟ್ಟೆ ಹೊದಿಸುವ ಮೊದಲೇ ನೋಡುತ್ತಾರೆ; ಹೊದಿಸಿದ ಮೇಲೆ ಒಳಗಿನದು ಕಾಣುವುದಿಲ್ಲ. ನಮ್ಮ ದೇಶದಲ್ಲಿಯೂ ವಿಮಾನಯಾನ ಮಹಾನಿರ್ದೇಶನಾಲಯದ ನೋಂದಣಿಯೂ ಅನುಮತಿಯೂ ಇಲ್ಲದೆ ಇಂಥ ವಿಮಾನವನ್ನು ಹಾರಿಸುವಂತಿಲ್ಲ. ಇದನ್ನು ನಾವು ಸರಕಾರದ ಕಾಟವೆಂದು ಭಾವಿಸುವುದುಂಟು. ನಾನೂ ಹಾಗೆಯೇ ಭಾವಿಸಿದ್ದೆ.

ದೀಪಾವಳಿಯ ರಜೆಯಲ್ಲಿ ಊರಿಗೆ ಹೋದಾಗ ಈ ಮಾತುಗಳನ್ನು ನನ್ನ ಸೋದರಮಾವನ ಮಗನಿಗೆ ಹೇಳಿದೆ. ಅವನಿಗೆ ಸಿಟ್ಟು ಬಂತು. “ನೀ ಓದದವ, ನನಗ ಅಂಜಸ್ಲತ್ತಿ” ಎಂದನು. ನನ್ನ ತಂದೆ ಮಾತ್ರ ವಾದಿಸಲಿಲ್ಲ. “ಅಂಜಿಕಿ ಮಾತು ಬಿಡಪ್ಪ. ಚೀಲ ಇಟ್ ನೋಡಮು” ಎಂದರು.

ಅವನೂ ಯಂತ್ರವೂ ಕೂಡಿ ಸುಮಾರು 200 ಕಿಲೋ. ನಾಲ್ಕರಷ್ಟು 800, ಒಂದೂವರೆಯಷ್ಟೆಂದರೆ 1,200. ಸ್ಥೂಲವಾಗಿ ಒಂದು ರೆಕ್ಕೆಗೆ 6 ಕ್ವಿಂಟಲ್. ಗಾಳಿ ರೆಕ್ಕೆಯನ್ನು ಕೆಳಗಿನಿಂದ ಮೇಲಕ್ಕೆ ಒತ್ತುವುದರಿಂದ, ಬಟ್ಟೆ ಹೊದಿಸದ ರೆಕ್ಕೆಯನ್ನು ಬೋರಲು ಮಾಡಿ, ಬುಡವನ್ನು ಬಿಗಿದು, ತೊಗರಿಯ ಚೀಲಗಳನ್ನು ಒಂದೊಂದಾಗಿ ಅದರ ಉದ್ದಕ್ಕೂ ಹೇರಿದೆವು. ಬುಡದ ಕಡೆ ಹೆಚ್ಚು, ತುದಿಯ ಕಡೆ ಕಡಿಮೆ. ಒಂದು ಕ್ವಿಂಟಲ್ ಆಯಿತು. ಎರಡಾಯಿತು. ಮೂರು ತುಂಬುವ ಮೊದಲೇ ಬುಡದ ಬೆಸುಗೆ ಚಟ್ಟೆಂದು ಬಿರಿದು, ಚೀಲಗಳೆಲ್ಲ ನೆಲಕ್ಕುರುಳಿದವು. ಒಂದು ಚೀಲ ಹರಿದು ತೊಗರಿ ಕೊಟ್ಟಿಗೆಯ ತುಂಬ ಚೆಲ್ಲಿತು.

ಯಾರೂ ಮಾತನಾಡಲಿಲ್ಲ. ಅವನು ಬಹಳ ಹೊತ್ತು ಆ ಬಿರುಕನ್ನೇ ನೋಡುತ್ತ ಕುಳಿತನು. ಮೇಲೆ ಅಷ್ಟು ನುಣುಪಾಗಿದ್ದ ಬೆಸುಗೆ ಒಳಗೆ ಅರ್ಧವೂ ಹಿಡಿದಿರಲಿಲ್ಲ. ನನ್ನ ತಂದೆ ತೊಗರಿಯನ್ನು ಬಳಿದು ತುಂಬುತ್ತ, “ಗಾಡಿ ದಾರ್ಯಾಗ ಮುರಿಯಂಗಿಲ್ಲಪ್ಪ. ಮಾಡೋ ಜಾಗದಾಗೇ ಮುರದಿರ್ತದ, ನಮಗ ದಾರ್ಯಾಗ ಕಾಣ್ತದ” ಎಂದರು. ನಾನು ಓದಿದ ತನಿಖೆಗಳ ಸಾರವೆಲ್ಲ ಆ ಮಾತಿನಲ್ಲಿತ್ತು.

ಅವನು ವಿಮಾನದ ಆಸೆಯನ್ನು ಬಿಟ್ಟಿಲ್ಲ. ಬಿಡಬೇಕೆಂದು ನಾನೂ ಹೇಳುವುದಿಲ್ಲ. ಎಂಜಿನನ್ನು ಕಳಚಿ ಮೂಲೆಗಿಟ್ಟು, ಈಗ ಬೆಸುಗೆಯನ್ನು ಕ್ರಮವಾಗಿ ಕಲಿಯಲು ಐ.ಟಿ.ಐ.ಗೆ ಅರ್ಜಿ ಹಾಕಿದ್ದಾನೆ. ಕನ್ನಡದಲ್ಲಿ ಇಂಥ ಪುಸ್ತಕವಿದ್ದರೆ ತಂದುಕೊಡೆಂದು ನನ್ನನ್ನು ಕೇಳುತ್ತಿದ್ದಾನೆ. ಹಳ್ಳಿಗಳ ಕೊಟ್ಟಿಗೆಗಳಲ್ಲಿ ಇಂಥ ತರುಣರು ಇನ್ನೆಷ್ಟು ಜನರಿದ್ದಾರೋ! ಅವರ ಬೆನ್ನು ತಟ್ಟುವವರು ಬೇಕಾದಷ್ಟು ಮಂದಿ ಇದ್ದಾರೆ. ಓದಿದ ನಾವು ಅವರ ಪಕ್ಕದಲ್ಲಿ ಕುಳಿತು, ನಕ್ಷೆಯನ್ನು ಓದಿ ಹೇಳಿ, ಚೀಲ ಹೊರಲು ಕೈಕೊಟ್ಟರೆ, ನಮ್ಮ ವಿದ್ಯೆಗೆ ಅದಕ್ಕಿಂತ ಒಳ್ಳೆಯ ಉಪಯೋಗವಿಲ್ಲವೆಂದು ನನ್ನ ನಂಬಿಕೆ.